ಯಾರಿಗೆ ಯಾವ ಲ್ಯಾಪ್‌ಟಾಪ್? ಘಟ್ಟದ ಮೇಲೆ, ಘಟ್ಟದ ಕೆಳಗೆ ನಾನು ಕಂಡಿದ್ದು

ಶಿರಸಿಯಲ್ಲಿ ನನ್ನದೊಂದು ಚಿಕ್ಕ ಕಂಪ್ಯೂಟರ್ ರಿಪೇರಿ ಅಂಗಡಿ. ಲ್ಯಾಪ್‌ಟಾಪ್ ಮಾರುವುದು ಕಡಿಮೆ, ಬಿಚ್ಚುವುದೇ ಜಾಸ್ತಿ. ಕುಮಟಾ, ಅಂಕೋಲಾ, ಕಾರವಾರದ ಕಡೆಯಿಂದಲೂ ಕೆಲಸ ಬರುತ್ತದೆ. ಹಾಗಾಗಿ ಘಟ್ಟದ ಮೇಲಿನ ಲ್ಯಾಪ್‌ಟಾಪ್ ಯಾವ ಕಾರಣಕ್ಕೆ ಕೆಡುತ್ತದೆ, ಸಮುದ್ರದ ಬದಿಯದ್ದು ಯಾವ ಕಾರಣಕ್ಕೆ ಕೆಡುತ್ತದೆ ಎಂದು ನೋಡುವ ಅವಕಾಶ ನನಗೆ ಸಿಕ್ಕಿದೆ. ಪಿಯುಸಿ ರಿಸಲ್ಟ್ ಬಂದಮೇಲೆ, ಅಡಿಕೆ ವ್ಯಾಪಾರ ಮುಗಿಸಿದಮೇಲೆ ಜನ ಅಂಗಡಿಗೆ ಬಂದು ಕೇಳುತ್ತಾರೆ: "ಐವತ್ತು ಸಾವಿರದೊಳಗೆ ಒಳ್ಳೇದು ಯಾವುದು?"

ಬೆಲೆಯಿಂದ ಶುರು ಮಾಡಿದರೆ ಎದುರಿಗೆ ಇಟ್ಟಿದ್ದರಲ್ಲೇ ಒಂದನ್ನು ಆರಿಸಬೇಕಾಗುತ್ತದೆ. ಆ ಬೆಲೆಗೆ ಹತ್ತಾರು ಮಾಡೆಲ್ ಇರುತ್ತವೆ. ಎಲ್ಲದರ ಮೇಲೂ ಐ5 (ಪ್ರೊಸೆಸರ್), 16 ಜಿಬಿ (ರ‍್ಯಾಮ್), 512 ಜಿಬಿ (ಫೈಲು ಇಡುವ ಜಾಗ, ಅಂದರೆ ಎಸ್‌ಎಸ್‌ಡಿ) ಎಂದು ಸ್ಟಿಕ್ಕರ್. ನಿಜವಾದ ವ್ಯತ್ಯಾಸ ಸ್ಟಿಕ್ಕರ್ ಮೇಲೆ ಬರೆದಿರುವುದಿಲ್ಲ. ಅದಕ್ಕೇ ನಾನು ಬಜೆಟ್ ಕೇಳುವ ಮೊದಲು ಬೇರೆ ಕೇಳುತ್ತೇನೆ. ಇದನ್ನು ಎಲ್ಲಿ ಇಟ್ಟು ಬಳಸುತ್ತೀರಿ? ಯಾವ ಸಾಫ್ಟ್‌ವೇರ್ ಇಲ್ಲದಿದ್ದರೆ ನಿಮ್ಮ ಕೆಲಸ ನಿಲ್ಲುತ್ತದೆ? ಇಷ್ಟು ಗೊತ್ತಾದ ಮೇಲೆ ನನ್ನ ಲೆಕ್ಕ ಸರಳ. ಆಮೇಲೆ ಬದಲಿಸಲು ಆಗದ್ದಕ್ಕೆ ಮೊದಲು ದುಡ್ಡು ಹಾಕಬೇಕು.

ಎಸ್‌ಎಸ್‌ಡಿ ಸಾಮಾನ್ಯವಾಗಿ ಯಾವಾಗ ಬೇಕಾದರೂ ದೊಡ್ಡದು ಹಾಕಬಹುದು. ಸ್ಲಾಟ್‌ನಲ್ಲಿ ಕೂತ ರ‍್ಯಾಮ್ ಹೆಚ್ಚಿಸಬಹುದು. ಪ್ರೊಸೆಸರ್ ಬದಲಿಸಲು ಆಗುವುದಿಲ್ಲ. ಬೋರ್ಡಿಗೇ ಬೆಸುಗೆ ಹಾಕಿದ ರ‍್ಯಾಮ್ ಕೊಂಡ ದಿನ ಎಷ್ಟಿತ್ತೋ ಕೊನೆವರೆಗೂ ಅಷ್ಟೇ. ಪರದೆ, ಕೀಬೋರ್ಡ್, ಹಿಂಜ್, ಪೋರ್ಟುಗಳನ್ನು ಬದಲಿಸುವುದು ಕೊಂಡ ಬೆಲೆಗೆ ಹೋಲಿಸಿದರೆ ತುಂಬಾ ದುಬಾರಿ. ರ‍್ಯಾಮ್ ಎಂಥದ್ದು ಎಂದು ಅಂಗಡಿಯಲ್ಲೇ ನೋಡಬಹುದು. ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್, ಮೆಮೊರಿಗೆ ಹೋಗಿ. 'ಫಾರ್ಮ್ ಫ್ಯಾಕ್ಟರ್' ಎದುರು 'ಸೋಡಿಮ್' ಎಂದಿದ್ದರೆ ಸ್ಲಾಟ್, 'ರೋ ಆಫ್ ಚಿಪ್ಸ್' ಎಂದಿದ್ದರೆ ಬೆಸುಗೆ. ಬೆಸುಗೆಯದ್ದಾದರೆ 8 ಜಿಬಿ ಬೇಡವೇ ಬೇಡ, ಹೇಗಾದರೂ ಮಾಡಿ 16 ತಗೊಳ್ಳಿ. ಸ್ಲಾಟ್ ಇದ್ದರೆ ಸದ್ಯಕ್ಕೆ 8 ಇಟ್ಟುಕೊಂಡು ಉಳಿದ ದುಡ್ಡನ್ನು ಒಳ್ಳೆ ಪರದೆಗೆ ಕೊಡಿ.

ಎಲ್ಲಿ ಇಡುತ್ತೀರಿ ಎಂದು ಕೇಳುವುದು ಯಾಕೆಂದರೆ, ನಮ್ಮ ಜಿಲ್ಲೆಯ ಗಾಳಿ ಬೇರೆ. ಕಾರವಾರದ ಬೈತಖೋಲ, ಮಾಜಾಳಿ ಕಡೆಯಿಂದ ಬರುವ ಲ್ಯಾಪ್‌ಟಾಪ್ ಬಿಚ್ಚಿದರೆ ಸ್ಕ್ರೂ ತುಕ್ಕು ಹಿಡಿದಿರುತ್ತದೆ, ಯುಎಸ್‌ಬಿ ಪೋರ್ಟಿನ ಒಳಗೆ ಹಸಿರು ಕಿಲುಬು ಕೂತಿರುತ್ತದೆ. ಫ್ಯಾನು ಹೊರಗಿನ ಉಪ್ಪುಗಾಳಿಯನ್ನು ಎಳೆದು ನೇರ ಬೋರ್ಡಿನ ಮೇಲೆ ಬಿಡುತ್ತದಲ್ವಾ? ಅದಕ್ಕೇ ಸಮುದ್ರಕ್ಕೆ ಹತ್ತಿರದ ಮನೆಯವರಿಗೆ, ಅವರ ಕೆಲಸಕ್ಕೆ ಸಾಲುವುದಾದರೆ, ಫ್ಯಾನ್ ಇಲ್ಲದ ಅಥವಾ ಫ್ಯಾನ್ ಅಪರೂಪಕ್ಕೆ ತಿರುಗುವ ಕಡಿಮೆ ವ್ಯಾಟಿನ ಮಾಡೆಲ್ ಹೇಳುತ್ತೇನೆ. 2020ರ ಎಂ1 ಚಿಪ್ಪಿನಿಂದ ಈಚೆಗಿನ ಮ್ಯಾಕ್‌ಬುಕ್ ಏರ್‌ಗಳಲ್ಲಿ ಫ್ಯಾನೇ ಇಲ್ಲ. ಕರಾವಳಿಗೆ ಅದು ದೊಡ್ಡ ಅನುಕೂಲ.

ಘಟ್ಟದ ಮೇಲೆ ಉಪ್ಪಿಲ್ಲ, ಥಂಡಿ ಇದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಮಳೆಗಾಲದಲ್ಲಿ ಚೀಲದೊಳಗೆ ಮುಚ್ಚಿಟ್ಟ ಲ್ಯಾಪ್‌ಟಾಪ್ ಆಗಸ್ಟಿನಲ್ಲಿ ತೆಗೆದರೆ ಬೂಷ್ಟು ಹಿಡಿದಿರುತ್ತದೆ, ಅರ್ಧ ಕೀ ಕೆಲಸ ಮಾಡುವುದಿಲ್ಲ. ದಿನಾ ಸ್ವಲ್ಪ ಹೊತ್ತು ಆನ್ ಮಾಡಿದರೆ ಆ ಬಿಸಿಗೇ ಒಳಗಿನ ಪಸೆ ಆರುತ್ತದೆ. ಪ್ಲಾಸ್ಟಿಕ್ ಹೊದಿಸಿ ಇಡಬೇಡಿ.

ಇನ್ನೊಂದು, ಅರ್ಥಿಂಗ್. ಲೋಹದ ಬಾಡಿಯ ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿದಾಗ ಕೈ ಜುಮ್ ಅನ್ನುತ್ತದೆ ಎಂದು ಎಷ್ಟೋ ಜನ ವಾಪಸ್ ತರುತ್ತಾರೆ. ಬಹಳ ಸಲ ಲ್ಯಾಪ್‌ಟಾಪಿನಲ್ಲಿ ದೋಷ ಇರುವುದಿಲ್ಲ. ಚಾರ್ಜರಿನ ಒಳಗಿನ ಫಿಲ್ಟರ್ ಕೆಪಾಸಿಟರ್‌ನಿಂದ ಸೋರುವ ಚೂರು ಕರೆಂಟಿಗೆ ಅರ್ಥಿಂಗ್ ವೈರಿನ ಮೂಲಕ ನೆಲಕ್ಕೆ ಹೋಗುವ ದಾರಿ ಇಲ್ಲದಿದ್ದರೆ ಅದು ಲ್ಯಾಪ್‌ಟಾಪಿನ ಲೋಹದ ಮೈಗೆ ಬರುತ್ತದೆ. ಮೂರು ಪಿನ್ನಿನ ಚಾರ್ಜರನ್ನು ಎರಡು ಪಿನ್ನಿನ ಕನ್ವರ್ಟರಿಗೆ ಸಿಕ್ಕಿಸಿದರೂ ಹೀಗೇ. ಹಳೇ ಮನೆಯಾದರೆ ಮೊದಲು ಅರ್ಥಿಂಗ್ ಸರಿ ಮಾಡಿಸಿ, ಬೇಸಿಗೆಯಲ್ಲಿ ಅರ್ಥಿಂಗ್ ವೈರು ಹೂತ ಗುಂಡಿಗೆ ನೀರು ಹಾಕುತ್ತಿರಿ. ಗುಡುಗು-ಮಿಂಚು ಶುರುವಾದರೆ ಚಾರ್ಜರ್ ಜೊತೆ ಲ್ಯಾನ್ ಕೇಬಲ್ಲನ್ನೂ ತೆಗೆಯಿರಿ. ಚಾರ್ಜರ್ ತೆಗೆದು ರೂಟರಿನ ವೈರು ಬಿಟ್ಟವರ ಬೋರ್ಡೂ ಸುಟ್ಟು ನನ್ನ ಮೇಜಿಗೆ ಬಂದಿದೆ.

ಈಗ ಇಂಜಿನಿಯರಿಂಗ್ ಮಕ್ಕಳ ವಿಷಯ. ಹುಬ್ಬಳ್ಳಿಗೋ ಸುರತ್ಕಲ್ಲಿಗೋ ಬೆಂಗಳೂರಿಗೋ ಹೋಗುವವರಿಗೆ ಮನೆಯವರು ಜಾಸ್ತಿ ದುಡ್ಡು ಹಾಕಲು ತಯಾರಿರುತ್ತಾರೆ. ಮಕ್ಕಳು ಗೇಮಿಂಗ್ ಲ್ಯಾಪ್‌ಟಾಪ್ ತೋರಿಸುತ್ತಾರೆ. ನಾನು ಅಪ್ಪನ ಎದುರೇ ಹುಡುಗನನ್ನು ಕೇಳುತ್ತೇನೆ, "ಯಾವ ಬ್ರಾಂಚು? ಹಾಸ್ಟೆಲ್ಲಾ, ಬಸ್ಸಲ್ಲಿ ಓಡಾಟವಾ?" ಗೇಮಿಂಗ್ ಲ್ಯಾಪ್‌ಟಾಪ್ ಎರಡು ಕಿಲೋ ದಾಟುತ್ತದೆ, ಚಾರ್ಜರ್ ತೂಕ ಬೇರೆ. ದಿನಾ ಬೆನ್ನಿಗೆ ಹಾಕಿಕೊಂಡು ಹೋಗುವವರಿಗೆ ಅದು ಶಿಕ್ಷೆ, ಕ್ಲಾಸಿನಲ್ಲಿ ಬ್ಯಾಟರಿಯೂ ಬೇಗ ಮುಗಿಯುತ್ತದೆ. ಮೆಕ್ಯಾನಿಕಲ್, ಸಿವಿಲ್‌ನವರಿಗೆ ವಿಂಡೋಸ್ ಯಂತ್ರವೇ ಆಗಬೇಕು. ಸಾಲಿಡ್‌ವರ್ಕ್ಸ್‌ನಂಥ ಡಿಸೈನ್ ಸಾಫ್ಟ್‌ವೇರ್‌ಗಳು ಮ್ಯಾಕ್‌ಗೆ ಬರುವುದೇ ಇಲ್ಲ. ಅವರಿಗೆ ಸಾಧಾರಣ ಗ್ರಾಫಿಕ್ಸ್ ಕಾರ್ಡ್ ಉಪಯೋಗಕ್ಕೆ ಬರುತ್ತದೆ. ಕಂಪ್ಯೂಟರ್ ಸೈನ್ಸ್‌ನವರಿಗೆ ಗ್ರಾಫಿಕ್ಸ್ ಕಾರ್ಡಿಗಿಂತ 16 ಜಿಬಿ ರ‍್ಯಾಮ್, ಒಳ್ಳೆ ಕೀಬೋರ್ಡ್ ಮುಖ್ಯ. ಆಂಡ್ರಾಯ್ಡ್ ಸ್ಟುಡಿಯೋ, ಅದರ ಜೊತೆ ಎಮ್ಯುಲೇಟರ್ (ಪರದೆಯ ಮೇಲೆ ಓಡುವ ನಕಲಿ ಫೋನ್), ಬ್ರೌಸರ್‌ನಲ್ಲಿ ಇಪ್ಪತ್ತು ಟ್ಯಾಬ್ ತೆರೆದರೆ 8 ಜಿಬಿ ಎಲ್ಲಿ ಸಾಕು?

ಪ್ರೊಸೆಸರ್ ಹೆಸರು ನೋಡಿ ಮರುಳಾಗಬೇಡಿ, ಪೂರ್ತಿ ನಂಬರ್ ಓದಿ. ಇಂಟೆಲ್‌ನ ಐ5-1335ಯು, ಐ7-1355ಯು ಎರಡರಲ್ಲೂ ಇರುವುದು 10 ಕೋರ್‌ಗಳೇ (ಕೋರ್ ಅಂದರೆ ಪ್ರೊಸೆಸರ್ ಒಳಗೆ ಕೆಲಸ ಮಾಡುವ ಘಟಕ), ವೇಗದಲ್ಲಿ ಚೂರು ವ್ಯತ್ಯಾಸ. ಐ5-13500ಎಚ್‌ನಲ್ಲಿ 12 ಕೋರ್ ಇವೆ, ಭಾರದ ಕೆಲಸಕ್ಕೆ ಆ ಐ7ಗಿಂತ ಈ ಐ5 ಮೇಲು. ಕೊನೆಯ ಅಕ್ಷರ ಯು ಅಂದರೆ ಕರೆಂಟು ಉಳಿಸುವುದು, ಎಚ್ ಅಂದರೆ ಬಲ ಜಾಸ್ತಿ, ಬಿಸಿಯೂ ಜಾಸ್ತಿ. ಇನ್ನೊಂದು ಕಂಪನಿ ಎಎಂಡಿಯ 7000 ಸಾಲಿನ ಪ್ರೊಸೆಸರ್‌ಗಳಲ್ಲಿ ಮೂರನೇ ಅಂಕಿ ನೋಡಬೇಕು, ಒಳಗಿನ ವಿನ್ಯಾಸ ಎಷ್ಟು ಹಳೆಯದು ಎಂದು ಹೇಳುವುದು ಅದೇ. ರೈಝನ್ 5 7520ಯು ಒಳಗಿರುವುದು 2019ರಲ್ಲಿ ಬಂದ ಝೆನ್ 2 ಎಂಬ ವಿನ್ಯಾಸ, ನಾಲ್ಕೇ ಕೋರ್. ರೈಝನ್ 5 7530ಯು ಒಳಗೆ ಝೆನ್ 3, ಆರು ಕೋರ್. ಹೆಸರಿನಲ್ಲಿ ಒಂದೇ ಅಂಕಿ ವ್ಯತ್ಯಾಸ, ಕೆಲಸದಲ್ಲಿ ಬಹಳ. ಪಕ್ಕಪಕ್ಕ ಇಟ್ಟು ತೋರಿಸಿದಾಗಲೇ ಜನ ನಂಬುವುದು.

ಬಿಕಾಂ, ಬಿಎ ಮಕ್ಕಳಿಗೆ ಐ3 ಅಥವಾ ಅದಕ್ಕೆ ಸಮನಾದದ್ದು ಧಾರಾಳ ಸಾಕು. ಆದರೆ ಎರಡು ಕೋರಿನ ಸೆಲೆರಾನ್, 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ (ಎಸ್‌ಎಸ್‌ಡಿ ಬದಲು ಹಾಕುವ ಅಗ್ಗದ, ನಿಧಾನದ ಸಂಗ್ರಹ) ಇರುವ ಅಗ್ಗದ್ದು ಯಾರಿಗೂ ಬೇಡ. ವಿಂಡೋಸ್ 11 ಕೇಳುವ ಕನಿಷ್ಠವೇ 4 ಜಿಬಿ ಮತ್ತು 64 ಜಿಬಿ. ಅಂದರೆ ವಿಂಡೋಸ್ ಹಾಕಿದ ಮೇಲೆ ನಿಮ್ಮ ಕೆಲಸಕ್ಕೆ ಜಾಗವೇ ಉಳಿಯುವುದಿಲ್ಲ.

ಸೊಸೈಟಿ, ಅಡಿಕೆ ವಖಾರಿ, ಟ್ಯಾಕ್ಸ್ ಆಫೀಸು ನಡೆಸುವವರಿಗೆ ನಾನು ಹೇಳುವುದು ಬೇರೆ. ಲೆಕ್ಕಪತ್ರದ ಟ್ಯಾಲಿ ಸಾಫ್ಟ್‌ವೇರಿಗೆ ಭಾರಿ ಪ್ರೊಸೆಸರ್ ಬೇಕಿಲ್ಲ, ವಿಂಡೋಸ್ ಬೇಕು. ದಿನವಿಡೀ ಅಂಕಿ ಹೊಡೆಯುವವರಿಗೆ ಬಲಗಡೆ ನಂಬರ್ ಪ್ಯಾಡ್ ಇರಲೇಬೇಕು, ಅಂದರೆ 15.6 ಇಂಚಿನದ್ದು. ಡಿಜಿಟಲ್ ಸಹಿಯ ಟೋಕನ್, ಪ್ರಿಂಟರ್, ಮೌಸ್ ಎಲ್ಲಾ ಹಳೇ ಅಗಲ ಯುಎಸ್‌ಬಿಗೇ ಸಿಕ್ಕಿಸುವಂಥವು. ತೆಳ್ಳಗೆ ಚೆಂದ ಇದೆ ಎಂದು ಎರಡೇ ಟೈಪ್-ಸಿ ಪೋರ್ಟಿನದ್ದು ತಗೊಂಡರೆ ಸುಮ್ನೆ ಡಾಂಗಲ್ ಹುಡುಕುತ್ತಾ ಕೂರಬೇಕು. ಲ್ಯಾನ್ ಪೋರ್ಟ್ ಇದ್ದರೆ ಇನ್ನೂ ಒಳ್ಳೆಯದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಣಕಾಸಿನ ಕೆಲಸ ಮಾಡುವವರು ಹಳೇದರಲ್ಲೇ ಮುಂದುವರಿಯುವುದು ನನಗೆ ಸರಿ ಕಾಣುವುದಿಲ್ಲ.

ಮದುವೆ ವಿಡಿಯೋ, ಯಕ್ಷಗಾನ ಚಿತ್ರೀಕರಣ ಮಾಡುವವರು ನಮ್ಮಲ್ಲಿ ಬಹಳ ಇದ್ದಾರೆ. ಇವರ ವಿಷಯದಲ್ಲಿ ಮಾತ್ರ ನಾನು ಪರದೆಯಿಂದ ಶುರು ಮಾಡುತ್ತೇನೆ. ಕಡಿಮೆ ಬೆಲೆಯ ಎಷ್ಟೋ ಲ್ಯಾಪ್‌ಟಾಪ್‌ಗಳ ವಿವರದಲ್ಲಿ '45% ಎನ್‌ಟಿಎಸ್‌ಸಿ' ಎಂದಿರುತ್ತದೆ. ಪರದೆ ಎಷ್ಟು ಬಣ್ಣ ತೋರಿಸಬಲ್ಲದು ಎಂಬುದರ ಅಳತೆ ಅದು. ಆ ಪರದೆಯಲ್ಲಿ ಬಣ್ಣಗಳು ಸಪ್ಪೆ. ಅದನ್ನು ನೋಡಿ ವೇಷದ ಕೆಂಪು ತಿದ್ದಿದರೆ, ವಧುವಿನ ಸೀರೆಯ ಬಣ್ಣ ತಿದ್ದಿದರೆ, ಆಲ್ಬಮ್ ಪ್ರಿಂಟಾಗಿ ಬಂದಾಗ ಕಣ್ಣಿಗೆ ಹೊಡೆಯುತ್ತದೆ. ಬಣ್ಣದ ಇನ್ನೊಂದು ಅಳತೆಯಲ್ಲಿ '100% ಎಸ್‌ಆರ್‌ಜಿಬಿ' ಎಂದು ಬರೆದಿದ್ದರೆ ಮಾತ್ರ ತಗೊಳ್ಳಿ.

ಆಮೇಲೆ ಕ್ಯಾಮೆರಾದ ಸೆಟ್ಟಿಂಗ್ ಕೇಳುತ್ತೇನೆ. ಹೊನ್ನಾವರದ ಕಡೆಯ ಒಬ್ಬ ಹುಡುಗ ಬಂದಿದ್ದ. "ಅಣ್ಣಾ, ಎನ್‌ವಿಡಿಯಾ ಕಾರ್ಡ್ ಇದೆ, ಆದ್ರೂ ಟೈಮ್‌ಲೈನ್ ತಡೆದು ತಡೆದು ಓಡ್ತದೆ" ಅಂದ. ಅವನ ಕ್ಯಾಮೆರಾ ಎಚ್.265, 10-ಬಿಟ್, 4:2:2 ಎಂಬ ಬಗೆಯಲ್ಲಿ ವಿಡಿಯೋವನ್ನು ಕುಗ್ಗಿಸಿ, ಬಣ್ಣದ ವಿವರ ಜಾಸ್ತಿ ಇಟ್ಟು ರೆಕಾರ್ಡ್ ಮಾಡುತ್ತಿತ್ತು. ಎನ್‌ವಿಡಿಯಾದ ಆರ್‌ಟಿಎಕ್ಸ್ 50 ಸಾಲಿಗೂ ಮೊದಲಿನ ಕಾರ್ಡುಗಳು ಆ ಬಗೆಯ ಫೈಲನ್ನು ತಾವೇ ಬಿಡಿಸಲಾರವು. ಇಂಟೆಲ್‌ನ 11ನೇ ತಲೆಮಾರಿನಿಂದೀಚೆಗಿನ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಬಿಡಿಸುತ್ತದೆ. ಅವನ ಲ್ಯಾಪ್‌ಟಾಪಿನಲ್ಲಿ ಅದು ಆಫ್ ಆಗಿತ್ತು. ಆನ್ ಮಾಡಿ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಅದನ್ನೇ ಆರಿಸಿದ ಮೇಲೆ ಸಲೀಸಾಗಿ ಓಡಿತು. ಹೊಸ ಕಾರ್ಡಿಗೆ ಹಾಕಬೇಕೆಂದಿದ್ದ ದುಡ್ಡು ಉಳಿಯಿತು. ಜಾಗದ ಲೆಕ್ಕವನ್ನೂ ಮೊದಲೇ ಹಾಕಿ. 100 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 100 ಮೆಗಾಬಿಟ್) 4ಕೆ ಚಿತ್ರೀಕರಿಸಿದರೆ ಗಂಟೆಗೆ 45 ಜಿಬಿ. ನಾಲ್ಕು ಗಂಟೆಯ ಯಕ್ಷಗಾನದ ಆಟ ಅಂದರೆ 180 ಜಿಬಿ. ಎರಡನೇ ಎಸ್‌ಎಸ್‌ಡಿ ಸ್ಲಾಟ್ ಇರುವ ಮಾಡೆಲ್ ಹುಡುಕಿ.

ನನಗೆ ತುಂಬಾ ಇಷ್ಟವಾಗುವ ಗಿರಾಕಿಗಳು ನಿವೃತ್ತ ಮಾಸ್ತರುಗಳು, ಅಕ್ಕೋರುಗಳು. ಊರಿನ ಇತಿಹಾಸ ಬರೆಯುತ್ತಾರೆ, ತಾಳಮದ್ದಲೆಯ ಅರ್ಥ ಬರೆದಿಡುತ್ತಾರೆ, ಅಜ್ಜಿಯ ಹಾಡುಗಳನ್ನು ಟೈಪ್ ಮಾಡುತ್ತಾರೆ. "ತಮಾ, ಬರೆಯೋಕೆ ಒಂದು ಸಾದಾ ಇದ್ದರೆ ಆಯ್ತು" ಎಂದು ಒಬ್ಬ ಮಾಸ್ತರು ಕೇಳಿದ್ದರು. "ಮಾಸ್ತರೇ, ಪ್ರೊಸೆಸರ್ ಸಾದಾ ಇರಲಿ, ಪರದೆ ಸಾದಾ ಬೇಡ" ಎಂದೆ. ಕನ್ನಡದ ಒತ್ತಕ್ಷರ, ಗುಣಿತದ ಕೊಂಬು ಬಹಳ ಸಣ್ಣ. 1366x768ರ ಹಳೇ ಪರದೆಯಲ್ಲಿ ಅವು ಕಲಸಿಹೋಗುತ್ತವೆ. ಫುಲ್ ಎಚ್‌ಡಿ, ಅಂದರೆ 1920x1080, ಹೊಳಪಿಲ್ಲದ ಮ್ಯಾಟ್ ಪರದೆ ತಗೊಂಡು, ವಿಂಡೋಸ್‌ನಲ್ಲಿ ಅಕ್ಷರವನ್ನು 125 ಅಥವಾ 150 ಪರ್ಸೆಂಟಿಗೆ ದೊಡ್ಡದು ಮಾಡಿಕೊಟ್ಟರೆ ಕಣ್ಣಿಗೆ ಹಿತ. ಜಗಲಿಯ ಬೆಳಕಿನಲ್ಲಿ ಕೂತು ಬರೆದರೂ ಮುಖ ಪ್ರತಿಫಲಿಸುವುದಿಲ್ಲ. ಹಳೇ ನುಡಿ ಫಾಂಟಿನ ಫೈಲುಗಳಿದ್ದರೆ ಅವನ್ನು ಯುನಿಕೋಡಿಗೆ ಬದಲಿಸಿ ಕೊಡುತ್ತೇನೆ. ಆಗ ಅದೇ ಬರಹ ಮೊಬೈಲಿನಲ್ಲೂ ತೆರೆಯುತ್ತದೆ, ಮೊಮ್ಮಕ್ಕಳಿಗೆ ಕಳಿಸಬಹುದು.

ಇಂಥವರಿಗೆ ಹೊಸದಕ್ಕಿಂತ ಕಂಪನಿಗಳಲ್ಲಿ ಬಳಸಿ ಬಿಟ್ಟ ಲೆನೊವೊ ಥಿಂಕ್‌ಪ್ಯಾಡ್, ಡೆಲ್ ಲ್ಯಾಟಿಟ್ಯೂಡ್ ಲ್ಯಾಪ್‌ಟಾಪ್ ಕೊಡಿಸುವುದು ನನಗೆ ಇಷ್ಟ. ಕೀಬೋರ್ಡ್ ಚೆನ್ನಾಗಿರುತ್ತದೆ, ಹಿಂಜ್ ಗಟ್ಟಿ, ಬಿಚ್ಚುವುದೂ ಸುಲಭ. ಇಂಟೆಲ್ ಆದರೆ 8ನೇ ತಲೆಮಾರು ಅಥವಾ ಆಮೇಲಿನದ್ದೇ ಆಗಬೇಕು, ಅದಕ್ಕಿಂತ ಹಿಂದಿನವು ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲವೆಂದೇ ಹೇಳಬಹುದು. ಹಳೇದು ಕೊಳ್ಳುವಾಗ ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆಸಿ. ಡಿಸೈನ್ ಕೆಪಾಸಿಟಿ (ಹೊಸದಿದ್ದಾಗ ಹಿಡಿಯಬೇಕಾದಷ್ಟು), ಫುಲ್ ಚಾರ್ಜ್ ಕೆಪಾಸಿಟಿ (ಈಗ ಹಿಡಿಯುವಷ್ಟು) ಎರಡೂ ಅದರಲ್ಲಿ ಕಾಣುತ್ತವೆ. ಎರಡನೆಯದು ಮೊದಲನೆಯದರ 70 ಪರ್ಸೆಂಟಿಗಿಂತ ಕಡಿಮೆ ಇದ್ದರೆ ಹೊಸ ಬ್ಯಾಟರಿಯ ದುಡ್ಡನ್ನು ಬೆಲೆಯಲ್ಲಿ ಕಳೆಯಿರಿ.

2020ರಿಂದ ಊರಿಗೆ ಬಂದು ಮನೆಯಿಂದಲೇ ಕೆಲಸ ಮಾಡುವವರು ಹೆಚ್ಚಿದರು. ಅವರಿಗೆ ಮುಖ್ಯವಾದದ್ದು ಬ್ಯಾಟರಿ. ಗಾಳಿಮಳೆಗೆ ಮರ ಬಿದ್ದರೆ ಕರೆಂಟು ಯಾವಾಗ ಬರುತ್ತದೆ ಎಂದು ಹೇಳಲಾಗದು. ಸಾಧಾರಣ ಕೆಲಸಕ್ಕೆ ಲ್ಯಾಪ್‌ಟಾಪ್ ಸುಮಾರು 10 ವ್ಯಾಟ್ ತಿನ್ನುತ್ತದೆ ಎಂದಿಟ್ಟುಕೊಳ್ಳಿ. 42 ವ್ಯಾಟ್-ಅವರ್ ಬ್ಯಾಟರಿ ನಾಲ್ಕು ಗಂಟೆ, 70ರದ್ದು ಏಳು ಗಂಟೆ. 'ಹತ್ತು ಗಂಟೆ ಬಾಳಿಕೆ' ಎಂಬ ಜಾಹೀರಾತಿಗಿಂತ ಈ ಭಾಗಾಕಾರ ನಂಬಬಹುದು. ಟೈಪ್-ಸಿಯಲ್ಲಿ ಚಾರ್ಜ್ ಆಗುವುದಾದರೆ ಕಾರಿನಿಂದಲೋ 65 ವ್ಯಾಟಿನ ಪವರ್ ಬ್ಯಾಂಕಿನಿಂದಲೋ ತುಂಬಿಸಿಕೊಳ್ಳಬಹುದು. ದಪ್ಪ ಚಿರೆಕಲ್ಲಿನ ಗೋಡೆ ದಾಟಿ ವೈಫೈ ಒಳಕೋಣೆಗೆ ಬರುವುದೂ ಕಷ್ಟ, ಅದರಲ್ಲೂ 5 ಗಿಗಾಹರ್ಟ್ಸ್‌ನದ್ದು. ಇವರಿಗೂ ಲ್ಯಾನ್ ಪೋರ್ಟ್ ಉಪಕಾರಿ.

ಯಾವುದನ್ನೇ ಕೊಂಡರೂ ವಾರಂಟಿಯ ಬಗೆ ಕೇಳಿ. ನಮ್ಮ ಊರಿನಿಂದ ಹುಬ್ಬಳ್ಳಿ ನೂರು ಕಿಲೋಮೀಟರ್ ಆಸುಪಾಸು. 'ಕ್ಯಾರಿ-ಇನ್' ಎಂದಿದ್ದರೆ ಅಲ್ಲಿಗೆ ನೀವೇ ಹೊತ್ತುಕೊಂಡು ಹೋಗಬೇಕಾಗಬಹುದು. 'ಆನ್‌ಸೈಟ್' ಎಂದಿದ್ದರೂ ನಿಮ್ಮ ಪಿನ್‌ಕೋಡ್ ಹೇಳಿ, ಮನೆಗೆ ಬರುತ್ತಾರಾ ಎಂದು ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ. ಮಳೆಗಾಲ ಜಾಸ್ತಿ ಇರುವ ನಮ್ಮಲ್ಲಿ ನೀರು ಬಿದ್ದರೆ ಸಾಮಾನ್ಯ ವಾರಂಟಿ ಅನ್ವಯಿಸುವುದಿಲ್ಲ. ಆಕಸ್ಮಿಕ ಹಾನಿಯ ಪ್ಲಾನ್ ಬೇರೆಯೇ ಕೊಳ್ಳಬೇಕು. ಅದನ್ನು ಎಷ್ಟು ದಿನಗಳೊಳಗೆ ಮಾಡಿಸಬೇಕು ಎಂದು ಕೊಳ್ಳುವಾಗಲೇ ಕೇಳಿ. ಹಾಗೆಯೇ ಬಿಲ್ಲಿನಲ್ಲಿರುವ ಸೀರಿಯಲ್ ನಂಬರು ಮತ್ತು ಲ್ಯಾಪ್‌ಟಾಪಿನ ಕೆಳಗಿರುವ ನಂಬರು ಒಂದೇ ಇದೆಯಾ ಎಂದು ಅಂಗಡಿಯಲ್ಲೇ ನೋಡಿಕೊಂಡು ಹೊರಡಿ.