ಇರಾಕಿ ನಿರಾಶ್ರಿತರಿಗೆ ಗುಂಪು ಭೇಟಿಯ ಕ್ಲಿನಿಕ್: ನನ್ನ ಅನುಭವ

ಅಮೆರಿಕದ ಡೆಟ್ರಾಯಿಟ್ ಸುತ್ತಮುತ್ತ ಕುಟುಂಬ ವೈದ್ಯರಾಗಿರುವ ಕನ್ನಡಿಗರಿಗೆ ಇರಾಕಿ ರೋಗಿಗಳು ಹೊಸಬರೇನಲ್ಲ. 2006ರಲ್ಲಿ ಸಮರ್ರಾದ ಅಸ್ಕರಿ ದರ್ಗಾ ಸ್ಫೋಟವಾಗಿ ಪಂಗಡಗಳ ನಡುವೆ ರಕ್ತಪಾತ ಶುರುವಾದ ಮೇಲೆ ಜೋರ್ಡಾನ್, ಸಿರಿಯಾಗಳಲ್ಲಿ ಒಂದೆರಡು ವರ್ಷ ಕಳೆದು ಬಂದವರೂ, 2014ರಲ್ಲಿ ಐಸಿಸ್ ಮೊಸುಲನ್ನೂ ನಿನೆವೆ ಬಯಲನ್ನೂ ಹಿಡಿದಾಗ ಮನೆ ಬಿಟ್ಟವರೂ ಸ್ಟರ್ಲಿಂಗ್ ಹೈಟ್ಸ್, ಡಿಯರ್‌ಬಾರ್ನ್ ಕಡೆಯ ಯಾವ ಕ್ಲಿನಿಕ್ಕಿಗೆ ಹೋದರೂ ಸಿಗುತ್ತಾರೆ. ಆದ್ದರಿಂದ ಪರಿಚಯದ ಮಾತು ಬಿಟ್ಟು, ನಾನು ಮಾಡಿದ್ದನ್ನಷ್ಟೇ ಹೇಳುತ್ತೇನೆ: ಹದಿನೈದು ನಿಮಿಷಗಳ ಒಂಟಿ ಭೇಟಿಯನ್ನು ಈ ರೋಗಿಗಳ ಮಟ್ಟಿಗೆ ಕೈಬಿಟ್ಟು, ಬಿಪಿ ಮತ್ತು ಸಕ್ಕರೆ ಕಾಯಿಲೆಗೆಂದು ಎಂಟೆಂಟು ಜನರ ಗುಂಪು ಭೇಟಿಯನ್ನು ನಡೆಸಿ, ಮನಸ್ಸಿನ ಕಾಯಿಲೆಯನ್ನೂ ಅದೇ ಕೋಣೆಯಲ್ಲಿ ನೋಡಿಕೊಂಡೆ. ಇದಕ್ಕೆ ದುಡ್ಡು ಹುಟ್ಟುವುದಿಲ್ಲ ಎಂದು ಮ್ಯಾನೇಜರ್ ಹೇಳಿದರು. ಇರಾಕಿ ಗಂಡಸರು ಇನ್ನೊಬ್ಬರ ಎದುರು ಬಾಯಿ ಬಿಡುವುದಿಲ್ಲ ಎಂದು ಸಹೋದ್ಯೋಗಿಯೊಬ್ಬರು ನಕ್ಕರು. ಆ ಸಹೋದ್ಯೋಗಿ ಈಗ ತಮ್ಮ ರೋಗಿಗಳನ್ನು ನನ್ನ ಗುಂಪಿಗೇ ಕಳಿಸುತ್ತಿದ್ದಾರೆ ಎಂಬುದನ್ನು ಕೊಂಚ ಸಂತೋಷದಿಂದಲೇ ದಾಖಲಿಸುತ್ತೇನೆ.

ಮೊದಲು ಸೋತದ್ದು ಪ್ರಶ್ನಾವಳಿ. ನಿರಾಶ್ರಿತರಲ್ಲಿ ಮನಸ್ಸಿನ ತೊಂದರೆಯನ್ನು ಗುರುತಿಸುವ ಆರ್‌ಎಚ್‌ಎಸ್-15 ಒಳ್ಳೆಯ ಸಾಧನ, ಅರಬಿಯಲ್ಲೂ ಸಿಗುತ್ತದೆ. ಆದರೆ ಮೊದಲ ಭೇಟಿಯಲ್ಲೇ ಅದನ್ನು ಕೈಗೆ ಕೊಟ್ಟರೆ ಗಂಡಸರಲ್ಲಿ ಹೆಚ್ಚಿನವರು ಸಾಲಾಗಿ ಸೊನ್ನೆ ಗುರುತು ಮಾಡಿ ಹಿಂದಿರುಗಿಸುತ್ತಿದ್ದರು. ಅದೇ ಮನುಷ್ಯ ಮುಂದಿನ ವಾರ ಎದೆ ಹಿಡಿದುಕೊಂಡು ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗುತ್ತಾನೆ, ಇಸಿಜಿ ಸರಿ ಇರುತ್ತದೆ, ಹೃದಯಾಘಾತ ಪತ್ತೆಹಚ್ಚುವ ಟ್ರೋಪೋನಿನ್ ರಕ್ತಪರೀಕ್ಷೆಯೂ ಸರಿ ಇರುತ್ತದೆ, ಮತ್ತೆ ನಮ್ಮಲ್ಲಿಗೆ ಬರುತ್ತಾನೆ. ಅರ್ಜಿಯಲ್ಲಿ ಬರೆದದ್ದು ಸರ್ಕಾರಕ್ಕೆ ಹೋಗುತ್ತದೆ ಎಂದು ಸದ್ದಾಂ ಹುಸೇನನ ಬಾಥ್ ಪಕ್ಷದ ಆಡಳಿತದಲ್ಲಿ ಬೆಳೆದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಆ ಹಾಳೆಯನ್ನು ಮೂರನೆಯ ಭೇಟಿಗೆ ಸರಿಸಿ, ಮೊದಲೆರಡು ಭೇಟಿಗಳಲ್ಲಿ ನಿದ್ದೆಯ ಬಗ್ಗೆ ಮಾತ್ರ ಕೇಳತೊಡಗಿದೆ: ಎಷ್ಟು ಹೊತ್ತಿಗೆ ಮಲಗುತ್ತೀರಿ, ಎಷ್ಟು ಹೊತ್ತಿಗೆ ಎಚ್ಚರವಾಗುತ್ತದೆ, ಎಚ್ಚರವಾದ ಮೇಲೆ ಏನು ಮಾಡುತ್ತೀರಿ. ಬಾಗಿಲು ಹಾಕಿದೆಯೋ ಇಲ್ಲವೋ ಎಂದು ರಾತ್ರಿ ನಾಲ್ಕೈದು ಬಾರಿ ಎದ್ದು ನೋಡುವ ಸಂಗತಿ ಹೊರಬಿದ್ದದ್ದು ಈ ದಾರಿಯಲ್ಲಿ. ಸೊನ್ನೆಗಳು ಅದರ ನಂತರ ಕಡಿಮೆಯಾದವು.

ಎರಡನೆಯ ಸೋಲು ದುಭಾಷಿಗಳದ್ದು. ಫೋನಿನ ದುಭಾಷಿ ನಿಮಿಷಕ್ಕೆ ಒಂದು ಡಾಲರಿನೊಳಗೆ ಸಿಗುತ್ತಾರೆ. ಆದರೆ ಆಚೆ ತುದಿಯಲ್ಲಿ ಈಜಿಪ್ಟಿನವರೋ ಮೊರಾಕ್ಕೋದವರೋ ಇದ್ದರೆ ಬಾಗ್ದಾದಿನ ಮುದುಕಿ ಅರ್ಧಕ್ಕೇ ಸುಮ್ಮನಾಗುತ್ತಾಳೆ. ಉತ್ತರ ಇರಾಕಿನ ಕಲ್ದಾಯ ಕ್ರೈಸ್ತ ಅಜ್ಜಿಯರಲ್ಲಿ ಅನೇಕರಿಗೆ ಅರಮಾಯಿಕ್ ಮೂಲದ ಸುರೆತ್ ಭಾಷೆ ಮನೆಮಾತು, ಅರಬಿ ಎರಡನೆಯದು; ಕಡತದಲ್ಲಿ ಮಾತ್ರ ಎಲ್ಲರ ಮುಂದೆಯೂ ‘ಅರಬಿ’ ಎಂದೇ ಇರುತ್ತದೆ. ಸ್ಥಳೀಯ ದುಭಾಷಿಯನ್ನು ಕರೆಸಿದರೆ ಅವರ ತೊಂದರೆ ಬೇರೆ. ಒಮರ್ ಎಂಬ ಹೆಸರು ಕೇಳಿದ ಕೂಡಲೇ ಸುನ್ನಿ ಎಂದೂ, ಅಬ್ಬಾಸ್ ಎಂದರೆ ಶಿಯಾ ಎಂದೂ ರೋಗಿ ಲೆಕ್ಕ ಹಾಕಿಬಿಡುತ್ತಾನೆ. ಒಂದೇ ಚರ್ಚಿನವರಾದರೆ ಭಾನುವಾರದ ಹೊತ್ತಿಗೆ ತನ್ನ ಸಂಗತಿ ಊರೆಲ್ಲ ಹರಡುತ್ತದೆಂದು ಹೆದರುತ್ತಾನೆ. ಇದಕ್ಕೆ ನಾನು ಕಂಡುಕೊಂಡ ದಾರಿಯ ಅರ್ಧ ಭಾಗವನ್ನು ಹೇಳುತ್ತೇನೆ: ಯಾರಾದರೂ ಆಗಲಿ, ಗುಂಪಿಗೆ ಒಬ್ಬರೇ ದುಭಾಷಿ, ವರ್ಷವಿಡೀ ಅವರೇ, ಬದಲಾಗುವಂತಿಲ್ಲ. ಆ ಒಬ್ಬರನ್ನು ಆರಿಸುವಾಗ ನಾನು ಕೇಳುವ ಪ್ರಶ್ನೆ ಯಾವುದೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಇನ್ನು ದುಡ್ಡು. ಎದುರಿಗೆ ಕೂರುವ ದುಭಾಷಿ ಗಂಟೆಗೆ ಅಂದಾಜು ಅರವತ್ತು ಡಾಲರ್ ಕೇಳುತ್ತಾರೆ, ಕನಿಷ್ಠ ಎರಡು ಗಂಟೆಯ ಲೆಕ್ಕ. ಕಡಿಮೆ ಆದಾಯದವರಿಗಾಗಿ ಸರ್ಕಾರ ನಡೆಸುವ ವಿಮೆಯಾದ ಮೆಡಿಕೈಡ್‌ನಿಂದ ಒಂದು ಸಾಮಾನ್ಯ ಭೇಟಿಗೆ ನಮಗೆ ಬರುತ್ತಿದ್ದದ್ದು ಹೆಚ್ಚುಕಡಿಮೆ ಐವತ್ತು. ಒಬ್ಬ ರೋಗಿಗಾಗಿ ಕರೆಸಿದರೆ ಎಪ್ಪತ್ತು ಡಾಲರ್ ಕೈಯಿಂದ ಹೋಗುತ್ತದೆ. ಫೆಡರಲ್ ಹಣ ಪಡೆಯುವ ಕ್ಲಿನಿಕ್ ಆ ಖರ್ಚನ್ನು ರೋಗಿಯ ತಲೆಗೆ ಕಟ್ಟುವಂತಿಲ್ಲ, ಮಗನನ್ನೋ ಮಗಳನ್ನೋ ನಡುವೆ ನಿಲ್ಲಿಸಿ ಕೆಲಸ ಸಾಗಿಸುವಂತೆಯೂ ಇಲ್ಲ. ಮ್ಯಾನೇಜರ್ ಆಡುತ್ತಿದ್ದ ಮಾತು ಇದೇ ಮತ್ತು ಅದು ತಪ್ಪೂ ಅಲ್ಲ. ಆದರೆ ಅದೇ ಎರಡು ಗಂಟೆಗೆ ಎಂಟು ಜನರನ್ನು ಕೂರಿಸಿ, ಒಬ್ಬೊಬ್ಬರನ್ನೂ ನಾನೇ ಪರೀಕ್ಷಿಸಿ, ಔಷಧಿ ಬದಲಿಸಿ, ಒಬ್ಬೊಬ್ಬರದ್ದೂ ಪ್ರತ್ಯೇಕ ಭೇಟಿಯಾಗಿ ದಾಖಲಿಸಿದರೆ ನಾನೂರು ಬರುತ್ತದೆ, ನೂರಿಪ್ಪತ್ತು ಹೋಗುತ್ತದೆ. ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಮುಂದಿಟ್ಟ ದಿನ ಗುರುವಾರದ ಮಧ್ಯಾಹ್ನ ನನ್ನ ವಶಕ್ಕೆ ಬಂತು. ಸಾಂಸ್ಕೃತಿಕ ಸಂವೇದನೆಯ ಬಗ್ಗೆ ಅದಕ್ಕೂ ಮೊದಲು ನಾನು ಮಾಡಿದ ಭಾಷಣಗಳಿಂದ ಏನೂ ಆಗಿರಲಿಲ್ಲ.

ಹೆಂಗಸರಿಗೆ ಬೇರೆ, ಗಂಡಸರಿಗೆ ಬೇರೆ ಗುಂಪು. ಅದರೊಳಗೆ ಅರಬಿಯವರು, ಸುರೆತ್‌ನವರು ಎಂಬ ವಿಂಗಡಣೆ. ಪಂಗಡದ ಮೇಲೆ ವಿಂಗಡಿಸಬೇಕೆಂದು ಸಲಹೆ ಕೊಟ್ಟವರಿದ್ದರು, ನಾನು ಒಪ್ಪಲಿಲ್ಲ. ಎಂಟು ಕುರ್ಚಿ, ಒಂದು ಗೋಡೆ ಗಡಿಯಾರ, ಮೂಲೆಯಲ್ಲಿ ತೆರೆ ಹಾಕಿದ ಪರೀಕ್ಷೆಯ ಜಾಗ, ಬಾಗಿಲು ಎಲ್ಲರ ಕಣ್ಣಿಗೂ ಕಾಣುವಂತೆ. ಬಂದವರು ತಾವೇ ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡಿಕೊಂಡು, ಅಂಕೆಯನ್ನು ಗೋಡೆಯ ಹಲಗೆಯ ಮೇಲೆ ಬರೆಯುತ್ತಾರೆ. ಬಾಗ್ದಾದಿನಲ್ಲಿ ವೈದ್ಯರಾಗಿದ್ದು ಇಲ್ಲಿನ ಪರವಾನಗಿ ಇಲ್ಲದೆ ನಮ್ಮಲ್ಲಿ ಮೆಡಿಕಲ್ ಅಸಿಸ್ಟೆಂಟ್ ಆಗಿರುವವರೊಬ್ಬರು ಮಾತು ನಡೆಸುತ್ತಾರೆ. ನಾನು ದುಭಾಷಿಯೊಂದಿಗೆ ತೆರೆಯ ಹಿಂದೆ ಒಬ್ಬೊಬ್ಬರಿಗೆ ಹತ್ತು ನಿಮಿಷ ಕೊಡುತ್ತೇನೆ. ಒಮ್ಮೆ ಹಲಗೆಯ ಮೇಲೆ 178 ಎಂದು ಬರೆದ ಹಿರಿಯರೊಬ್ಬರು, ಯಾರೂ ಕೇಳದೆಯೇ, ಹಿಂದಿನ ರಾತ್ರಿ ಮೊಸುಲಿನಿಂದ ತಮ್ಮನ ಫೋನು ಬಂದಿತ್ತು ಎಂದರು. ಪಕ್ಕದವರು ತಮ್ಮ 164ಕ್ಕೆ ತಮ್ಮದೇ ಕಾರಣ ಹೇಳಿದರು. ಬಾಯಿ ಬಿಡುವುದಿಲ್ಲ ಎನ್ನಿಸಿಕೊಂಡಿದ್ದ ಗಂಡಸರು ಇವರು. ನಮ್ಮ ಆಪ್ತಸಲಹೆಗಾರ್ತಿ ಆ ಕೋಣೆಯಲ್ಲಿ ಮೊದಲಿನಿಂದಲೂ ಕೂತಿರುತ್ತಾರೆ, ‘ನಿದ್ದೆಯ ಮೇಡಂ’ ಎಂದೇ ಪರಿಚಿತರು. ಬೇರೆ ಕಟ್ಟಡದ ಮನೋವೈದ್ಯರಿಗೆ ಬರೆದುಕೊಟ್ಟ ಚೀಟಿಗಳಲ್ಲಿ ಹತ್ತಕ್ಕೆ ಎರಡೋ ಮೂರೋ ಮಾತ್ರ ತಲುಪುತ್ತಿದ್ದವು, ಇವರ ಬಳಿಗೆ ಐದಾರು ಜನ ಹೋಗುತ್ತಾರೆ.

ನಡುವೆ ಮಾಡಿದ ಪ್ರಯೋಗಗಳೂ ಇವೆ. ಇರಾಕಿಗಳು ಚಹಾ ಕುಡಿಯುವ ಇಸ್ತಿಕಾನ್ ಎಂಬ ಪುಟ್ಟ ಗಾಜಿನ ಲೋಟವನ್ನು ತರಿಸಿ, ಎಂದಿನಂತೆ ಸಕ್ಕರೆ ಹಾಕಿ ಎಂದು ಹೇಳಿ, ಚಮಚಗಳನ್ನು ಎಣಿಸಿದೆವು. ಲೋಟಕ್ಕೆ ಎರಡು-ಮೂರು, ದಿನಕ್ಕೆ ಏಳೆಂಟು ಲೋಟ. 1990ರ ದಶಕದ ವಿಶ್ವಸಂಸ್ಥೆಯ ಆರ್ಥಿಕ ದಿಗ್ಬಂಧನದ ಕಾಲದಿಂದ ಪಡಿತರದಲ್ಲಿ ಚಹಾ, ಸಕ್ಕರೆ, ಹಿಟ್ಟು, ಅಕ್ಕಿಯನ್ನೇ ಪಡೆದು ಬಾಳಿದವರಿಗೆ ಚಹಾ ಬಿಡಿ ಎನ್ನುವುದು ಕೆಲಸಕ್ಕೆ ಬಾರದ ಸಲಹೆ. ಲೋಟಗಳ ಸಂಖ್ಯೆ ಹಾಗೇ ಇರಲಿ, ಚಮಚ ಒಂದಾಗಲಿ ಎಂದೆವು; ಹೆಂಗಸರ ಗುಂಪಿನಲ್ಲಿ ಇದು ನಿಂತಿತು, ಗಂಡಸರಲ್ಲಿ ಅಷ್ಟಾಗಿ ಅಲ್ಲ. ಇನ್ನೊಂದು, ಉಪವಾಸದ ಪಟ್ಟಿ. ಜೂನ್ ತಿಂಗಳಲ್ಲಿ ರಂಜಾನ್ ಬಂದರೆ ಇಲ್ಲಿ ಸುಮಾರು 17 ಗಂಟೆಯ ಉಪವಾಸ, ಆಗ ಸಕ್ಕರೆ ಇಳಿಸುವ ಮಾತ್ರೆ ಗ್ಲಿಪಿಜೈಡ್‌ನ ಪ್ರಮಾಣ ಇಳಿಸಿ ಇಫ್ತಾರಿಗೆ ಸರಿಸುವುದು ನಿಮಗೆಲ್ಲ ಗೊತ್ತಿದೆ. ಆದರೆ ಕಲ್ದಾಯರು ಲೆಂಟಿಗೆ (ಈಸ್ಟರಿನ ಮುಂಚಿನ ಉಪವಾಸದ ಕಾಲಕ್ಕೆ) ಮೂರು ವಾರ ಮೊದಲು ಆಚರಿಸುವ ಬಾಊಥಾ ಎಂಬ ಉಪವಾಸವನ್ನು ಯಾರೂ ಕೇಳುವುದಿಲ್ಲ. ಮೂರು ದಿನ ಅನ್ನ ನೀರು ಎರಡನ್ನೂ ಬಿಡುವವರಿದ್ದಾರೆ, ಇನ್ಸುಲಿನ್ ಮೇಲಿರುವವರೂ ಸೇರಿ. ಕ್ರೈಸ್ತರೆಂದು ಕಡತದಲ್ಲಿ ನೋಡಿ ಉಪವಾಸದ ಪ್ರಶ್ನೆಯನ್ನೇ ಬಿಟ್ಟುಬಿಡುವ ವೈದ್ಯರು ಜನವರಿ-ಫೆಬ್ರವರಿಯ ಕಡಿಮೆ ಸಕ್ಕರೆಗೆ ಕಾರಣ ಹುಡುಕುತ್ತ ಕೂರುತ್ತಾರೆ. ಸುಪ್ತ ಕ್ಷಯದ, ಅಂದರೆ ಲಕ್ಷಣವಿಲ್ಲದೆ ದೇಹದಲ್ಲಿ ಅಡಗಿರುವ ಕ್ಷಯದ ವಿಷಯವೂ ಹೀಗೆಯೇ: ತೋಳಿನ ಮೇಲೆ ಬಿಸಿಜಿ ಗುರುತು ಇರುವವರು ಚರ್ಮದ ಪರೀಕ್ಷೆಯನ್ನು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ರಕ್ತಪರೀಕ್ಷೆ ಮಾಡಿ, ಒಂಬತ್ತು ತಿಂಗಳ ಐಸೋನಿಯಾಜಿಡ್ ಬದಲು ನಾಲ್ಕು ತಿಂಗಳ ರಿಫಾಂಪಿನ್ ಕೊಟ್ಟಾಗ ಮುಗಿಸಿದವರು ಸರಿಸುಮಾರು ಇಮ್ಮಡಿಯಾದರು.

ವೈದ್ಯರ ಮೇಲಿನ ಅಪನಂಬಿಕೆಗೆ ಇರುವ ಒಂದು ಕಾರಣವನ್ನು ನಮ್ಮವರು ತಿಳಿದಿರಬೇಕು. 1994ರಲ್ಲಿ ಸದ್ದಾಂ ಆಡಳಿತ ಸೈನ್ಯ ಬಿಟ್ಟು ಓಡಿದವರ ಕಿವಿ ಕತ್ತರಿಸುವ ಆಜ್ಞೆ ಹೊರಡಿಸಿ, ಆ ಕೆಲಸವನ್ನು ಆಸ್ಪತ್ರೆಗಳಲ್ಲಿ ವೈದ್ಯರ ಕೈಯಲ್ಲೇ ಮಾಡಿಸಿತು. ಆ ಪೀಳಿಗೆಯ ಗಂಡಸನ್ನು ಮಲಗಿಸಿ ಎದೆಗೆ ತಂತಿಗಳನ್ನು ಅಂಟಿಸುವ ಮೊದಲು ಯಂತ್ರದಿಂದ ಕರೆಂಟು ಬರುವುದಿಲ್ಲ ಎಂದು ತೋರಿಸಲು ನಾನು ನನ್ನ ಕೈಗೇ ಒಂದು ತಂತಿ ಅಂಟಿಸಿಕೊಳ್ಳುತ್ತೇನೆ. ಅರ್ಧ ನಿಮಿಷದ ಕೆಲಸ. ಮೊದಲು ಬೇಡವೆಂದು ಎದ್ದುಹೋದವರಲ್ಲಿ ಹೆಚ್ಚಿನವರು ಈಗ ಮಲಗುತ್ತಾರೆ. ಕೆಟ್ಟ ಸುದ್ದಿಯನ್ನು ಯಾರಿಗೆ ಮೊದಲು ಹೇಳಬೇಕೆಂಬುದನ್ನು ಕೂಡ ಕಾಯಿಲೆ ಬರುವ ಮೊದಲೇ ರೋಗಿಯಿಂದಲೇ ಕೇಳಿ ಬರೆಸಿಕೊಂಡಿರುತ್ತೇವೆ. ಹಿರಿಯ ಮಗನಿಗೆ ಹೇಳಿ ಎನ್ನುವವರೇ ಬಹಳ.

2017ರಲ್ಲಿ ಮಾತ್ರ ಎಲ್ಲವೂ ನೆಲಕಚ್ಚುವ ಸ್ಥಿತಿ ಬಂತು. ಕೆಲವು ದೇಶಗಳವರು ಅಮೆರಿಕಕ್ಕೆ ಬರದಂತೆ ಜನವರಿಯಲ್ಲಿ ಹೇರಿದ ಪ್ರಯಾಣ ನಿಷೇಧದಲ್ಲಿ ಇರಾಕ್ ಕೂಡ ಇತ್ತು. ಜೂನ್‌ನಲ್ಲಿ ಡೆಟ್ರಾಯಿಟ್ ಸುತ್ತಮುತ್ತ ನೂರಕ್ಕೂ ಹೆಚ್ಚು ಇರಾಕಿಗಳನ್ನು ಗಡೀಪಾರಿಗೆಂದು ಬಂಧಿಸಿದರು. ಬಂಧಿತರಲ್ಲಿ ಹೆಚ್ಚಿನವರು ಬಹಳ ಹಿಂದೆಯೇ ಬಂದ ಕಲ್ದಾಯರು, ನಮ್ಮ ಹೊಸ ನಿರಾಶ್ರಿತರಲ್ಲ; ಆದರೂ ಎಂಟು ಕುರ್ಚಿಗಳಲ್ಲಿ ಎರಡೋ ಮೂರೋ ತುಂಬುತ್ತಿದ್ದವು. ವಿಳಾಸ ಬರೆಯಬೇಕಾದ ಕಾಗದಗಳನ್ನೆಲ್ಲ ಸ್ವಾಗತದ ಮೇಜಿನಿಂದ ತೆಗೆಸಿ, ನೆನಪಿನ ಕರೆಯನ್ನು ಗುಮಾಸ್ತರ ಬದಲು ದುಭಾಷಿಯಿಂದಲೇ ಮಾಡಿಸಿದ ಮೇಲೆ, ಚಳಿಗಾಲದ ಹೊತ್ತಿಗೆ ಗುಂಪು ಮತ್ತೆ ಆರು-ಏಳಕ್ಕೆ ಬಂತು.

ಗಂಡಸರ ಗುಂಪಿನ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸಕ್ಕರೆಯ ಮಟ್ಟ ತೋರಿಸುವ ರಕ್ತಪರೀಕ್ಷೆ) ಸರಾಸರಿ ಒಂಬತ್ತರ ಮೇಲಿದ್ದದ್ದು ವರ್ಷದಲ್ಲಿ ಎಂಟರ ಆಸುಪಾಸಿಗೆ ಇಳಿದಿದೆ, ಎದೆನೋವೆಂದು ತುರ್ತು ವಿಭಾಗಕ್ಕೆ ಓಡುವುದು ಅರ್ಧಕ್ಕಿಂತ ಕಡಿಮೆಯಾಗಿದೆ. ಹಾಳೆ ತೆಗೆದು ನೋಡದೆ ಹೇಳುತ್ತಿದ್ದೇನೆ, ಆಚೀಚೆ ಇರಬಹುದು. ಅಫ್ಘನ್ ಹೆಂಗಸರಿಗೂ ಇಂಥದೇ ಗುಂಪು ಮಾಡಿ ಎಂದು ಮ್ಯಾನೇಜರ್ ಈಗ ತಾವಾಗಿಯೇ ಕೇಳುತ್ತಿದ್ದಾರೆ. ದರಿ ಮತ್ತು ಪಶ್ತೋ ದುಭಾಷಿಗಳನ್ನು ಗಂಟೆಯ ಲೆಕ್ಕ ಬಿಟ್ಟು ಸಂಬಳಕ್ಕೆ ಇಟ್ಟುಕೊಟ್ಟರೆ ಮಾತ್ರ ಮಾಡುತ್ತೇನೆ ಎಂದು ಹೇಳಿದ್ದೇನೆ.