ನಗಿಸಿದ ಜೋಡಿಯನ್ನು ಬೇರೆ ಮಾಡುವುದು: ಹಾಸ್ಯ ಧಾರಾವಾಹಿ ಬರೆಯುವವರಿಗೆ

ಹಾಸ್ಯ ಧಾರಾವಾಹಿಯಲ್ಲಿ ಮದುವೆ ಬರೆಯುವುದು ಸುಲಭ. ಬೀಗರ ಮುನಿಸು, ಊಟಕ್ಕೆ ಲೆಕ್ಕ ಮೀರಿ ಬಂದ ಮಂದಿ, ಕೈಕೊಟ್ಟ ಫೋಟೊಗ್ರಾಫರ್ ಸಿಕ್ಕರೆ ನಾಲ್ಕು ಕಂತು ತಾವಾಗಿಯೇ ತುಂಬುತ್ತವೆ. ಅದೇ ಜೋಡಿ ಬೇರೆಯಾಗಬೇಕು ಎಂದಾಗ ಹೆಚ್ಚಿನವರು ಕೊನೆಯ ಎರಡು ಕಂತಿನಲ್ಲಿ ಗಂಡನ ಕೈಗೆ ಬಾಟಲಿ ಕೊಡುತ್ತಾರೆ, ಇಲ್ಲವೇ ಇನ್ನೊಬ್ಬಳನ್ನು ತಂದು ನಿಲ್ಲಿಸುತ್ತಾರೆ. ನೋಡುಗ ಅಲ್ಲಿಗೇ ಮೊಬೈಲ್ ಕೆಳಗಿಡುತ್ತಾನೆ. ಕಲಬುರಗಿ, ಬೀದರ್, ಯಾದಗಿರಿ ಕಡೆಯ ಮಾತಿನಲ್ಲಿ ಯೂಟ್ಯೂಬ್‌ಗೆ ಹಾಸ್ಯ ಸರಣಿ ಬರೆಯುವವರಿಗಾಗಿ ಈ ಟಿಪ್ಪಣಿ. ಮೊದಲು ದೊಡ್ಡವರು ಎಲ್ಲಿ ಎಡವಿದರು ನೋಡೋಣ.

ಎಂಟು ತಾಸಿನ ಮದುವೆ, ನಿಮಿಷಗಳ ವಿಚ್ಛೇದನ

ಅಮೆರಿಕದ ಸಿಬಿಎಸ್ ವಾಹಿನಿಯ ‘ಹೌ ಐ ಮೆಟ್ ಯುವರ್ ಮದರ್’ 2005ರಿಂದ 2014ರವರೆಗೆ 208 ಕಂತು ನಡೆಯಿತು. ನಾಯಕ ಟೆಡ್ ತನ್ನ ಮಕ್ಕಳಿಗೆ ಅವರ ತಾಯಿ ಸಿಕ್ಕ ಕಥೆ ಹೇಳುವ ಸರಣಿ ಅದು. ಅವನ ಗೆಳೆಯರ ಗುಂಪಿನ ಬಾರ್ನಿ ಮತ್ತು ರಾಬಿನ್ ಇಬ್ಬರೂ ಮೊದಲಿಗೆ ಮದುವೆ ಎಂದರೆ ಮಾರು ದೂರ. ಒಂಬತ್ತನೇ ಸೀಸನ್ ಬಹುಪಾಲು ಇವರ ಮದುವೆಯ ಒಂದೇ ವಾರಾಂತ್ಯದಲ್ಲಿ ನಡೆಯುತ್ತದೆ. 22ನೇ ಕಂತಿನಲ್ಲಿ ಮದುವೆಯಾಗುತ್ತದೆ. ಮುಂದಿನ ವಾರವೇ ಬಂದ ಕೊನೆಯ ಜೋಡಿ ಕಂತಿನಲ್ಲಿ, ಮೂರು ವರ್ಷಕ್ಕೆ ಇಬ್ಬರೂ ಬೇರೆಯಾದರು ಎಂದು ಗೊತ್ತಾಗುತ್ತದೆ. ಕಥೆಯೊಳಗಿನ ಕಾರಣ ಸರಿಯಾದದ್ದೇ: ಅವಳದು ಸುದ್ದಿ ವರದಿಗಾಗಿ ದೇಶ ದೇಶ ಸುತ್ತುವ ಕೆಲಸ, ಅವನದು ಹೋಟೆಲ್ ಕೋಣೆಯಲ್ಲಿ ಕಾಯುವ ಪಾಡು.

ತಪ್ಪು ಕಾರಣದಲ್ಲಿ ಇಲ್ಲ, ತೂಕದಲ್ಲಿದೆ. ಕಂತಿಗೆ 22 ನಿಮಿಷ ಹಿಡಿದರೂ ಒಂದು ವಾರಾಂತ್ಯಕ್ಕೆ ಸುಮಾರು ಎಂಟು ತಾಸು ಆಯಿತು. ಕೊನೆಯ ಜೋಡಿ ಕಂತು 2013ರಿಂದ 2030ರವರೆಗಿನ 17 ವರ್ಷಗಳನ್ನು ಮುಕ್ಕಾಲು ತಾಸಿನೊಳಗೆ ತುರುಕಿತು. ವಿಚ್ಛೇದನ, ನಾಯಕನ ಹೆಂಡತಿಯ ಸಾವು, ಮತ್ತೆ ರಾಬಿನ್ ಮನೆ ಬಾಗಿಲು, ಎಲ್ಲ ಅದರಲ್ಲೇ.

ಹೀಗೇಕಾಯಿತು? ಕೊನೆಯಲ್ಲಿ ನಾಯಕನ ಮಕ್ಕಳು ಅಪ್ಪನ ಕಥೆಗೆ ಕೊಡುವ ಉತ್ತರವನ್ನು 2006ರಲ್ಲೇ, ಎರಡನೇ ಸೀಸನ್ ಹೊತ್ತಿಗೆ ಚಿತ್ರೀಕರಿಸಿ ಇಟ್ಟಿದ್ದರು. ಮಕ್ಕಳ ಪಾತ್ರದ ನಟರು ಬೆಳೆದುಬಿಟ್ಟರೆ ಮುಖ ಹೊಂದುವುದಿಲ್ಲ ಎಂಬ ಮುಂದಾಲೋಚನೆ ಅದು. ಆ ದೃಶ್ಯದ ಪ್ರಕಾರ ನಾಯಕ ಕೊನೆಗೆ ರಾಬಿನ್ ಬಳಿ ಹೋಗಬೇಕು, ಅಂದರೆ ಅವಳು ಒಂಟಿಯಾಗಿರಬೇಕು. ಈ ನಡುವೆ ಬಾರ್ನಿ–ರಾಬಿನ್ ಜೋಡಿ ಮಂದಿಗೆ ಹಿಡಿಸಿತು, ಬರೆಯುವವರೂ ಅದನ್ನು ಬೆಳೆಸಿದರು. ಬೆಳೆದ ಜೋಡಿಗೂ ಡಬ್ಬಿಯಲ್ಲಿದ್ದ ಕೊನೆಗೂ ಹೊಂದಿಕೆಯಾಗಲಿಲ್ಲ. ಆ ಮದುವೆ ಮುರಿದದ್ದು ಅರ್ಜೆಂಟೀನಾದ ಹೋಟೆಲಿನಲ್ಲಲ್ಲ, 2006ರ ಶೂಟಿಂಗ್ ಸೆಟ್ಟಿನಲ್ಲಿ ಎಂದರೂ ಸರಿಯೇ. ಡಿವಿಡಿಯ ಜೊತೆ ಬೇರೊಂದು ಮುಕ್ತಾಯ ಬಂತು, ಅದರಲ್ಲಿ ನಾಯಕ ಮತ್ತೆ ರಾಬಿನ್ ಬಳಿ ಹೋಗುವುದಿಲ್ಲ.

ನಿಮ್ಮ ಸರಣಿಯಲ್ಲೂ ಸಣ್ಣ ಹುಡುಗರಿದ್ದು ಮೊದಲೇ ಶೂಟ್ ಮಾಡಲೇಬೇಕಾದರೆ ಮುಖದ ಭಾವವಷ್ಟೇ ತೆಗೆದಿಡಿ: ನಕ್ಕದ್ದು, ಸುಮ್ಮನಾದದ್ದು, ಒಬ್ಬರನ್ನೊಬ್ಬರು ನೋಡಿದ್ದು. ಮಾತು ಬೇಡ. ಮಾತನ್ನು ಆಮೇಲೆ ಕ್ಯಾಮೆರಾದ ಆಚೆ ಇರುವ ಪಾತ್ರದಿಂದ ಆಡಿಸಬಹುದು.

ಪುಟದ ಲೆಕ್ಕ

ಚಿತ್ರಕಥೆಯಲ್ಲಿ ಒಂದು ಪುಟಕ್ಕೆ ಒಂದು ನಿಮಿಷ ಎಂಬ ರೂಢಿ ಇದೆ. ನಮ್ಮ ಕಡೆಯ ಮಾತು ಅದಕ್ಕಿಂತ ಜೋರು, 12 ನಿಮಿಷದ ಕಂತಿಗೆ 14 ಪುಟ ಬೇಕಾಗುತ್ತದೆ. 20 ಕಂತಿನ ಸರಣಿ ಎಂದಿಟ್ಟುಕೊಳ್ಳಿ. ಮದುವೆ 8ನೇ ಕಂತಿನಲ್ಲಿ, ಬೇರೆಯಾಗುವುದು 17ರಲ್ಲಿ, ಉಳಿದ ಮೂರು ಕಂತು ಆಮೇಲಿನ ಬದುಕಿಗೆ. ಕೂಡಿಸಲು ಖರ್ಚು ಮಾಡಿದ ಪುಟಗಳ ಅರ್ಧವಾದರೂ ಬೇರೆ ಮಾಡಲು ಇರಲಿ. ಅಷ್ಟು ಜಾಗ ಇಲ್ಲವೆಂದರೆ ಅವರನ್ನು ಕೂಡಿಯೇ ಇರಲು ಬಿಡಿ.

ನಗಿಸಿದ್ದೇ ಬಿರುಕಾಗಬೇಕು

ಎಲ್ಲಕ್ಕಿಂತ ಹೆಚ್ಚು ದುಡಿಯಬೇಕಾದ ಜಾಗ ಇದು. ಜೋಡಿಯನ್ನು ಒಡೆಯಲು ಹೊರಗಿನಿಂದ ಏನನ್ನೂ ತರಬೇಡಿ. ಮೊದಲ ಕಂತುಗಳಲ್ಲಿ ಯಾವ ಗುಣಕ್ಕೆ ಮಂದಿ ನಕ್ಕರೋ ಅದನ್ನೇ ಎತ್ತಿಕೊಳ್ಳಿ.

ಉದಾಹರಣೆಗೆ ಒಂದು ಜೋಡಿ ಕಟ್ಟೋಣ. ಶರಣು ಕಲಬುರಗಿಯ ದಾಲ್ ಮಿಲ್ ಒಂದರಲ್ಲಿ ಲೆಕ್ಕ ಬರೆಯುವವನು. ರೇಣುಕಾ ಯಾದಗಿರಿಯ ಆಸ್ಪತ್ರೆಯಲ್ಲಿ ಗುತ್ತಿಗೆ ನರ್ಸ್, ದಿನಾ ರೈಲಿನಲ್ಲಿ ಅಪ್‌-ಡೌನ್. ಶರಣುಗೆ ಒಂದೇ ಚಟ, ಹೊರಡುವ ಮೊದಲೇ ಹೊರಟೆ ಎನ್ನುವುದು. ಆ ಸುಳ್ಳನ್ನು ಐದು ಸಲ ಬಳಸಿ, ಪ್ರತಿ ಸಲವೂ ಅದರ ಬೆಲೆ ಏರಲಿ.

2ನೇ ಕಂತು: ಮೈಗೆ ಸೋಪು ಹಚ್ಚಿಕೊಂಡು ಬಚ್ಚಲಲ್ಲಿ ನಿಂತವನಿಗೆ ರೇಣುಕಾಳ ಫೋನ್ ಬರುತ್ತದೆ.
“ಎಲ್ಲಿ ಅದಿ?”
“ಇಲ್ಲೇ ಜಗತ್ ಸರ್ಕಲ್‌ದಾಗ ಅದೀನಿ, ಐದೇ ಮಿನಿಟ್.”
ಹಿಂದೆ ನೀರು ಬೀಳುವ ಸಪ್ಪಳ. ಇದು ಬರೀ ನಗು.

4ನೇ ಕಂತು: ಅದೇ ಮಾತನ್ನು ಮಾವನಾಗುವವರಿಗೆ ಹೇಳುತ್ತಾನೆ. ಅವರು ಜಗತ್ ಸರ್ಕಲ್‌ನಲ್ಲಿ ಬಸವಣ್ಣನ ಮೂರ್ತಿ ಎದುರೇ ನಿಂತಿರುತ್ತಾರೆ. ಸರಣಿಯ ಅತಿ ದೊಡ್ಡ ನಗು ಇಲ್ಲಿರಲಿ. ಹುಸಿ ಬೇಡ ಎಂದವರ ಮೂರ್ತಿ ಅದು ಎಂದು ಯಾರ ಬಾಯಲ್ಲೂ ಹೇಳಿಸಬೇಡಿ, ನೋಡುವವರಿಗೆ ಗೊತ್ತಿದೆ.

9ನೇ ಕಂತು: ಮದುವೆಯಾಗಿದೆ. ರೈಲು ತಡವಾಗಿ ರಾತ್ರಿ ಹತ್ತೂವರೆಗೆ ಸ್ಟೇಷನ್ನಿನ ಹೊರಗೆ ನಿಂತಿದ್ದಾಳೆ. ಅದೇ ಉತ್ತರ. ಅವಳೂ ನಗುತ್ತಾಳೆ, ಆದರೆ ನಕ್ಕ ಮೇಲೂ ಶಾಟ್ ಕತ್ತರಿಸದೆ ಮೂರು ಸೆಕೆಂಡ್ ಬಿಡಿ.

13ನೇ ಕಂತು: ಅವಳ ಅವ್ವನನ್ನು ಆಸ್ಪತ್ರೆಗೆ ಒಯ್ಯಬೇಕು, ಅವನು ಬರುತ್ತಾನೆಂದು ಆಟೊ ವಾಪಸ್ ಕಳಿಸಿರುತ್ತಾಳೆ. ಇಲ್ಲಿ ಸಂಗೀತ ಹಾಕಬೇಡಿ. ಅವ್ವ ಸಾಯುವುದೂ ಬೇಡ, ಸತ್ತರೆ ಅದು ಶರಣುವಿನ ಮೇಲಿನ ಕೊಲೆ ಆಪಾದನೆಯಾಗಿ ಹಾಸ್ಯ ಸರಣಿ ಅಲ್ಲಿಗೇ ಮುಗಿಯುತ್ತದೆ. ತಡವಾಯಿತು, ಅಷ್ಟೇ ಸಾಕು.

16ನೇ ಕಂತು: ಈಗ ಅವನು ಖರೇನೇ ಜಗತ್ ಸರ್ಕಲ್‌ನಲ್ಲಿದ್ದಾನೆ, ಅದನ್ನೇ ಹೇಳುತ್ತಾನೆ.
“ಹೌದ್ರಿ. ಅದೀರಿ.”
ಫೋನ್ ಇಡುತ್ತಾಳೆ. ಮದುವೆ ಮುಗಿದದ್ದು ಇಲ್ಲಿ, ಅವನು ನಿಜ ಹೇಳಿದ ದಿನ. ಮನೆಯೊಳಗೆ ‘ನೀ’ ಎನ್ನುತ್ತಿದ್ದವಳು ‘ರೀ’ಗೆ ಬಂದದ್ದನ್ನು ಗಮನಿಸಿ. ಹಿರಿಯರ ಮುಂದೆ ಬಳಸುವ ಮರ್ಯಾದೆ ಇಬ್ಬರೇ ಇದ್ದಾಗಲೂ ಬಂತೆಂದರೆ ನಮ್ಮ ಕಡೆಯವರಿಗೆ ಬೇರೆ ವಿವರಣೆ ಬೇಕಿಲ್ಲ. ಜಗಳದ ದೃಶ್ಯದಲ್ಲಿ ಇಬ್ಬರೂ ಒಮ್ಮೆಲೇ ಬೆಂಗಳೂರು ಧಾರಾವಾಹಿಯ ಕನ್ನಡಕ್ಕೆ ಜಿಗಿಯುವುದು ಬಹಳ ಕಡೆ ಕಾಣುವ ರೋಗ. ಸಿಟ್ಟು ಬಂದಾಗ ಮನುಷ್ಯ ತನ್ನ ಓಣಿಯ ಮಾತಿಗೇ ಇಳಿಯುತ್ತಾನೆ.

ರೇಣುಕಾಳ ಪಾಲಿನ ತಪ್ಪೂ ಬೇಕು, ಇಲ್ಲವಾದರೆ ಇದು ದೂರು ಅರ್ಜಿಯಾಗುತ್ತದೆ. ಅವಳ ಗುಣ: ಎಲ್ಲವನ್ನೂ ಡೈರಿಯಲ್ಲಿ ಬರೆಯುವುದು, ಬಾಯಿಬಿಟ್ಟು ಹೇಳದಿರುವುದು. 3ನೇ ಕಂತಿನಲ್ಲಿ ಹೆಣ್ಣು ನೋಡಲು ಬಂದವರ ತಪ್ಪುಗಳನ್ನು ನಂಬರ್ ಹಾಕಿ ಬರೆದಾಗ ನಗು ಬರುತ್ತದೆ. 14ನೇ ಕಂತಿನಲ್ಲಿ ಬೆಂಗಳೂರಿನ ಕಾಯಂ ನೌಕರಿಗೆ ಅವಳು ಅರ್ಜಿ ಹಾಕಿ, ಪರೀಕ್ಷೆಯನ್ನೂ ಬರೆದು ಬಂದದ್ದು ಅದೇ ಡೈರಿಯಿಂದ ಅವನಿಗೆ ತಿಳಿಯಲಿ. ಬೆಂಗಳೂರೆಂದರೆ ರೈಲಿನಲ್ಲಿ ಒಂದು ರಾತ್ರಿಯ ಹಾದಿ. ಇದನ್ನೇ ತಿರುಗಿಸಿಯೂ ಕಟ್ಟಬಹುದು. ಸಂವಿಧಾನದ 371(ಜೆ) ವಿಧಿಯಡಿ, ಅಂದರೆ ಕಲ್ಯಾಣ ಕರ್ನಾಟಕದವರಿಗಿರುವ ಮೀಸಲಾತಿಯಲ್ಲಿ, ಸ್ಥಳೀಯ ವೃಂದದ ಸರ್ಕಾರಿ ನೌಕರಿ ಸಿಕ್ಕವರು ಅದನ್ನು ಬಿಟ್ಟು ಹೋಗುವುದು ಸುಲಭದ ಮಾತಲ್ಲ. ಒಬ್ಬರು ಅದರಲ್ಲಿ, ಇನ್ನೊಬ್ಬರು ಬೆಂಗಳೂರಿನ ಖಾಸಗಿ ಕಂಪನಿಯಲ್ಲಿ ಎಂದರೆ ದುಷ್ಟರಿಲ್ಲದೆಯೇ ಕಥೆ ಬಿಗಿಯಾಗುತ್ತದೆ.

ನಟಿ ಬಿಟ್ಟುಹೋದರೆ

ಅಮೆರಿಕದ್ದೇ ಇನ್ನೊಂದು ಹಾಸ್ಯ ಸರಣಿ ‘ಫ್ರೆಂಡ್ಸ್’ನಲ್ಲಿ ರಾಸ್ ಲಂಡನ್ನಿನಲ್ಲಿ ಎಮಿಲಿಯನ್ನು ಮದುವೆಯಾಗುತ್ತಾನೆ. ಆ ಕಂತು ಬಂದದ್ದು 1998ರ ಮೇನಲ್ಲಿ. ಪ್ರಮಾಣ ಹೇಳುವಾಗ ಅವನ ಬಾಯಿಂದ ಹಳೆಯ ಪ್ರೇಯಸಿ ರೇಚಲ್ ಹೆಸರು ಬರುತ್ತದೆ. ತಪ್ಪು ಪೂರ್ತಿ ಅವನದು. ಆದರೆ ಎಮಿಲಿ ಪಾತ್ರದ ನಟಿ ಹೆಲೆನ್ ಬ್ಯಾಕ್ಸೆಂಡೇಲ್ ಆಗ ಗರ್ಭಿಣಿ, ಪಾತ್ರವನ್ನು ಮೊಟಕು ಮಾಡಬೇಕಾಯಿತು. ಮುಂದೆ ಎಮಿಲಿ ಹೆಚ್ಚಾಗಿ ಫೋನಿನಲ್ಲೇ ಉಳಿದಳು. ರೇಚಲ್‌ಳನ್ನು ನೋಡಬೇಡ, ಮನೆ ಬದಲಿಸು ಎಂದು ಷರತ್ತು ಹಾಕುವ ದನಿಯಾದಳು. ಎದುರಿಗೆ ಕಾಣುವವನ ಕಡೆಗೇ ನೋಡುಗನ ಮನಸ್ಸು ವಾಲುತ್ತದೆ. ನೊಂದವಳೇ ಕಾಟ ಕೊಡುವವಳಾಗಿ ಕಂಡಳು.

ಸಣ್ಣ ತಂಡಗಳಲ್ಲಿ ಇದು ಇನ್ನೂ ಹೆಚ್ಚು: ಪರೀಕ್ಷೆ, ಮದುವೆ, ಹೈದರಾಬಾದಿನಲ್ಲಿ ನೌಕರಿ. ಹಾಗಾಗಿ ಸರಣಿ ಶುರುವಾಗುವ ಮೊದಲೇ ಇಬ್ಬರ ಒಂದೊಂದು ಒಂಟಿ ದೃಶ್ಯ, ತಲಾ ಎರಡು ಪುಟದ್ದು, ಶೂಟ್ ಮಾಡಿಟ್ಟುಕೊಳ್ಳಿ. ಖಾಲಿ ಮನೆ, ಕಿಟಕಿ, ಫೋನಿನ ಈ ತುದಿ ಸಾಕು. ಕಥೆಯ ಕೊನೆ ಇದರಲ್ಲಿ ಬಾರದಿರಲಿ.

ಬೇರೆಯಾಗುವ ದೃಶ್ಯ

ಎರಡೂವರೆ ಪುಟ, ಒಂದೇ ಜಾಗ, ಇಬ್ಬರೇ. ಮನೆ ಬೇಡ, ಖಾನಾವಳಿ ಒಳ್ಳೆಯದು. ರೊಟ್ಟಿ ಹಾಕಲು ಬಂದವನು “ಇನ್ನೊಂದ್ ಹಾಕ್ಲೇನ್ರಿ?” ಎಂದು ಎರಡು ಸಲ ಕೇಳಲಿ. ದೃಶ್ಯಕ್ಕೆ ಇರುವ ಹಾಸ್ಯ ಅಷ್ಟೇ, ಅದೂ ಅವನಿಗೆ ಗೊತ್ತಿಲ್ಲದೆ ಆದದ್ದು. ‘ನಮ್ಮಿಬ್ಬರಿಗೆ ಹೊಂದಾಣಿಕೆ ಇಲ್ಲ’ ಎಂಬ ಸಾಲು ಬಂದರೆ ಹೊಡೆದುಹಾಕಿ. ಜನ ಅಂಥ ಹೊತ್ತಿನಲ್ಲಿ ಕುಕ್ಕರ್, ಬಾಡಿಗೆ ಮುಂಗಡ, ಯಾರಿಗೆ ಮೊದಲು ಹೇಳುವುದು ಎಂಬಂಥದ್ದನ್ನೇ ಮಾತಾಡುತ್ತಾರೆ. ಶೂಟಿಂಗ್ ವೇಳೆ ಫ್ಯಾನ್ ಬಂದ್ ಮಾಡಿಸಿ, ಕಾಲರ್ ಮೈಕ್ ಬಳಸಿ. ಏಪ್ರಿಲ್–ಮೇ ಬಿಸಿಲಿನಲ್ಲಿ ಫ್ಯಾನಿಲ್ಲದೆ ಎರಡು ಟೇಕ್‌ಗಿಂತ ಹೆಚ್ಚು ಸಿಗುವುದಿಲ್ಲ. ಬೆಳಿಗ್ಗೆ ಏಳಕ್ಕೇ ಇಟ್ಟುಕೊಳ್ಳಿ.

ಹಿರಿಯರು ಕೂಡುವ ಪಂಚಾಯ್ತಿಯನ್ನು ಇದಕ್ಕೆ ಬೆರೆಸಬೇಡಿ, ಅದಕ್ಕೆ 18ನೇ ಕಂತು ಪೂರ್ತಿ ಕೊಡಿ. ನಾಲ್ಕು ಮಂದಿ ಕಾಕಾಗಳು ಕುಂತು ತಮ್ಮ ತಮ್ಮ ಮದುವೆಯ ಸಿಟ್ಟನ್ನೇ ಹೊರಹಾಕುವ ಆ ಜಾಗದಲ್ಲಿ ನಗು ಮತ್ತೆ ಧಾರಾಳವಾಗಿ ಬರುತ್ತದೆ, ಬರಬೇಕು.

ಆಮೇಲೆ

ಬಾರ್ನಿ ವಿಚ್ಛೇದನದ ಮರುಗಳಿಗೆಯೇ ಹಳೆಯ ಹೆಣ್ಣುಬಾಕನಾದ. ವರ್ಷಗಟ್ಟಲೆ ಬೆಳೆಸಿದ್ದನ್ನು ಒಂದೇ ಏಟಿಗೆ ಅಳಿಸಿದಂತೆ ಅದು. ರಾಬಿನ್ ಮಾತ್ರ ಗೆಳೆಯರ ಗುಂಪಿನಿಂದ ಮೆಲ್ಲಗೆ ದೂರವಾಗುತ್ತಾಳೆ, ಆ ಕೊನೆಯ ಕಂತಿನಲ್ಲಿ ಚೆನ್ನಾಗಿ ಬರೆದದ್ದು ಅದೇ. ನಿಮ್ಮ ಶರಣು ಮಿಲ್ ಮಾಲೀಕರ ಫೋನಿಗೆ “ಮನ್ಯಾಗೇ ಅದೀನ್ರಿ, ಇನ್ನಾ ಹೊಂಟಿಲ್ಲ” ಎಂದು ಬೈಸಿಕೊಳ್ಳಲಿ.

ಕಾನೂನಿನ ಕಾಲವನ್ನೂ ಸರಿಯಾಗಿ ಹಾಕಿ. ಹಿಂದೂ ವಿವಾಹ ಕಾಯ್ದೆಯ 13ಬಿ ಪ್ರಕಾರ ಇಬ್ಬರೂ ಒಪ್ಪಿ ಅರ್ಜಿ ಹಾಕಬೇಕಾದರೆ ಕನಿಷ್ಠ ಒಂದು ವರ್ಷ ಬೇರೆ ಇದ್ದಿರಬೇಕು. ಆಮೇಲೆ ಆರು ತಿಂಗಳು ಕಾಯಬೇಕು. ಸೂಕ್ತವೆನಿಸಿದರೆ ನ್ಯಾಯಾಲಯ ಈ ಆರು ತಿಂಗಳನ್ನು ಬಿಟ್ಟುಕೊಡಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಮುಸ್ಲಿಂ ಅಥವಾ ಕ್ರೈಸ್ತ ಜೋಡಿಯಾದರೆ ಕಾನೂನೇ ಬೇರೆ, ಬರೆಯುವ ಮೊದಲು ವಕೀಲರೊಬ್ಬರನ್ನು ಕೇಳಿ. 17ನೇ ಕಂತಿನಲ್ಲಿ ಖಾನಾವಳಿಯಿಂದ ಎದ್ದವರನ್ನು 18ರಲ್ಲಿ ಕೋರ್ಟಿನ ಮೆಟ್ಟಿಲ ಮೇಲೆ ಸಹಿ ಮಾಡಿಸಬೇಡಿ. 19ನೇ ಕಂತಿನ ಮೊದಲ ಶಾಟ್‌ಗೆ ‘ಒಂದೂವರೆ ವರ್ಷದ ನಂತರ’ ಎಂಬ ಒಂದು ಸಾಲು ಹಾಕಿ, ರೇಣುಕಾಳ ಕೈಯಲ್ಲಿ ಹೊಸ ಡೈರಿ ಇರಲಿ, ಶರಣುಗೆ ಬೇರೆ ಮೊಬೈಲ್ ಕೊಡಿ.