ವಾಕ್‌ಮನ್ ಬಿಚ್ಚಿದೆ, ಮೋಟಾರ್ ಚೆನ್ನಾಗೇ ಇತ್ತು

ಅಟ್ಟದ ಮೇಲಿನ ತಗಡಿನ ಟ್ರಂಕಿನಲ್ಲಿ ನನ್ನ ಹಳೇ ವಾಕ್‌ಮನ್ ಸಿಕ್ಕಿತು. ಆ ಹೆಸರು ಸೋನಿ ಕಂಪನಿ 1979ರಲ್ಲಿ ಇಟ್ಟಿದ್ದು. ನಮ್ಮ ಕಲಬುರಗಿಯಲ್ಲಿ ಮಾತ್ರ ಯಾವ ಕಂಪನಿಯದಾದರೂ ವಾಕ್‌ಮನ್ನೇ, ಡಾಲ್ಡಾ ಇದ್ದಂಗೆ. ನನ್ನದು ಬೇರೆ ಯಾವುದೋ ಕಂಪನಿಯದು, ಹೆಸರಿನ ಅಕ್ಷರ ಎಂದೋ ಅಳಿಸಿ ಹೋಗಿದೆ.

ಜೊತೆಗೆ ಒಂದಿಷ್ಟು ಕ್ಯಾಸೆಟ್ ಇದ್ದವು. ಒಂದರ ಮೇಲೆ ನನ್ನದೇ ಕೈಬರಹದಲ್ಲಿ ‘ಮೊಹರಂ, ಕಾಕಾ’ ಅಂತ ಇತ್ತು. ಆಳಂದ ತಾಲೂಕಿನ ನಮ್ಮ ಹಳ್ಳಿಯಲ್ಲಿ ಕಾಕಾ ಮತ್ತು ಅವರ ಗೆಳೆಯರು ಅಲಾಯಿ ಕುಣಿ, ಅಂದರೆ ಮೊಹರಂಗೆ ತೋಡುವ ಬೆಂಕಿಯ ಗುಂಡಿ, ಅದರ ಸುತ್ತ ಹೆಜ್ಜೆ ಹಾಕುತ್ತಾ ರಿವಾಯತ್ ಅನ್ನುವ ಮೊಹರಂ ಪದ ಹಾಡುತ್ತಿದ್ದರು. ಅದನ್ನು ಕೇಳಲೇಬೇಕು ಅನ್ನಿಸಿತು.

ಎರಡು ಪೆನ್ಸಿಲ್ ಸೆಲ್ ಹಾಕಿದೆ. ಏನೂ ಇಲ್ಲ. ಸೆಲ್ ಕೂರುವ ಸ್ಪ್ರಿಂಗ್ ಮೇಲೆ ಹಸಿರು ಕಿಲುಬು ಕಟ್ಟಿತ್ತು. ನಿಂಬೆರಸ ಹಚ್ಚಿ, ಒರೆಸಿ, ನುಣುಪು ಸ್ಯಾಂಡ್‌ಪೇಪರ್‌ನಿಂದ ಉಜ್ಜಿದೆ. ಈಗ ಪ್ಲೇ ಒತ್ತಿದರೆ ಕ್ಯಾಸೆಟ್ ತಿರುಗುವುದಿಲ್ಲ, ಆದರೆ ಕಿವಿಗೆ ಹಚ್ಚಿಕೊಂಡರೆ ಒಳಗೆ ಸುಂಯ್ ಅನ್ನುವ ಸದ್ದು.

ಸೂಪರ್ ಮಾರ್ಕೆಟ್ ಕಡೆಯ ಒಂದು ರಿಪೇರಿ ಅಂಗಡಿಗೆ ಒಯ್ದೆ. ಅವರು ಕೈಯಲ್ಲೂ ಹಿಡಿಯದೆ, "ಮೋಟಾರ್ ಹೋಗ್ಯಾದ್ರಿ. ಇದರ ಸಾಮಾನ ಈಗ ಎಲ್ಲಿ ಸಿಗ್ತಾವ?" ಅಂದರು. ಮೋಟಾರ್ ಹೋಗಿದ್ದರೆ ಸುಂಯ್ ಅನ್ನೋದು ಯಾರು? ಸುಮ್ನೆ ವಾಪಸ್ ಬಂದೆ. ಮೋಟಾರ್ ತಿರುಗಿಯೂ ಟೇಪ್ ಓಡುತ್ತಿಲ್ಲ ಅಂದರೆ ನಡುವಿನ ರಬ್ಬರ್ ಬೆಲ್ಟ್ ಮೇಲೇ ಅನುಮಾನ ಬರಬೇಕು.

ಹಿಂಬದಿಯಲ್ಲಿ ಐದು ಸ್ಕ್ರೂ. ಒಂದೊಂದೂ ಒಂದೊಂದು ಉದ್ದ. ಹಾಳೆಯ ಮೇಲೆ ವಾಕ್‌ಮನ್ ಚಿತ್ರ ಬರೆದು, ಯಾವ ಸ್ಕ್ರೂ ಎಲ್ಲಿಯದೋ ಅಲ್ಲೇ ಸೆಲ್ಲೋಟೇಪಿನಿಂದ ಅಂಟಿಸಿದೆ. ಗಡಿಯಾರ ರಿಪೇರಿಯ ಸಣ್ಣ ಸ್ಕ್ರೂಡ್ರೈವರ್ ಸೆಟ್ ಸಾಕು, ಆದರೆ ತುದಿ ಸರಿಯಾಗಿ ಕೂರುವುದನ್ನೇ ಆರಿಸಿಕೊಳ್ಳಿ. ತಲೆ ಸವೆದರೆ ಆ ಸ್ಕ್ರೂ ಜನ್ಮಕ್ಕೂ ಬರುವುದಿಲ್ಲ. ಒಳಗಿನ ಬೋರ್ಡನ್ನು ಎಳೆಯಬಾರದು. ಕೂದಲಿನಂಥ ವೈರುಗಳಿರುತ್ತವೆ. ಪುಸ್ತಕದ ಹಾಳೆ ತಿರುವಿದಂತೆ ಒಂದು ಬದಿಗೆ ಎತ್ತಿಟ್ಟೆ.

ಅಲ್ಲಿ ಬೆಲ್ಟೇ ಇರಲಿಲ್ಲ. ಬೆಲ್ಟ್ ಇದ್ದ ಜಾಗದಲ್ಲಿ ಡಾಂಬರ್ ಇತ್ತು! ರಬ್ಬರ್ ಹಳತಾದರೆ ಕೆಲವು ಗಟ್ಟಿಯಾಗಿ ಬಿರುಕು ಬಿಡುತ್ತವೆ, ಕೆಲವು ಕರಗಿ ಅಂಟಾಗುತ್ತವೆ. ತಗಡಿನ ಟ್ರಂಕು, ಮೇ ತಿಂಗಳ 42-43 ಡಿಗ್ರಿ ಬಿಸಿಲು, ಅದೂ ಎಷ್ಟೋ ಬೇಸಿಗೆ. ಪಾಪ, ಇನ್ನೇನು ಮಾಡೀತು.

ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಹಿಡಿದಿದ್ದು ಈ ಅಂಟು ತೆಗೆಯುವುದೇ. ಮೊಬೈಲ್ ರಿಪೇರಿಯವರು ಬೋರ್ಡ್ ತೊಳೆಯಲು ಬಳಸುವ ಐಪಿಎ, ಅಂದರೆ ಐಸೋಪ್ರೊಪೈಲ್ ಆಲ್ಕೊಹಾಲ್, ಒಂದು ಸಣ್ಣ ಬಾಟಲಿ ತಂದೆ. ಇಯರ್ ಬಡ್ಸ್ ಅದ್ದಿ, ಮೋಟಾರಿನ ಪುಲ್ಲಿ (ಬೆಲ್ಟ್ ಕೂರುವ ಪುಟ್ಟ ಗಾಲಿ) ಮತ್ತು ಫ್ಲೈವೀಲ್ (ಬೆಲ್ಟ್ ತಿರುಗಿಸುವ ಭಾರದ ಚಕ್ರ) ಅಂಚನ್ನು ಒರೆಸುತ್ತಾ ಕೂತೆ. ಪುಲ್ಲಿಯ ಸಂದಿಗೆ ಹಲ್ಲುಕಡ್ಡಿ. ಮೂವತ್ತು ನಲವತ್ತು ಬಡ್ಸ್ ಕಪ್ಪಾದವು. ಒಂದು ಹನಿ ಅಂಟು ಹಾಸಿಗೆಯ ಚಾದರಿಗೆ ಬಿತ್ತು, ಅದು ಇವತ್ತಿಗೂ ಹೋಗಿಲ್ಲ. ಹಳೇ ಪೇಪರ್ ಹಾಸಿಕೊಂಡು, ಕಿಟಕಿ ತೆರೆದು ಕೂರಿ. ಪುಲ್ಲಿ ಮೇಲೆ ಸಾಸಿವೆಯಷ್ಟು ಅಂಟು ಉಳಿದರೂ ಹೊಸ ಬೆಲ್ಟ್ ಪ್ರತಿ ಸುತ್ತಿಗೂ ಎಗರುತ್ತದೆ.

ಬೆಲ್ಟ್ ಬರುವವರೆಗೆ ತಾಳ್ಮೆ ಇಲ್ಲದೆ, ಹಾಲಿನ ಪ್ಯಾಕೆಟ್‌ಗೆ ಹಾಕುವ ರಬ್ಬರ್ ಬ್ಯಾಂಡ್ ಹಾಕಿ ನೋಡಿದೆ. ಟೇಪ್ ಓಡಿತು. ಆದರೆ ಹಾಡುವವರು ಹಳ್ಳದ ದಾರಿಯಲ್ಲಿ ಟಾಂಗಾ ಹತ್ತಿ ಹಾಡಿದಂಗೆ ಕೇಳಿತು. ರಬ್ಬರ್ ಬ್ಯಾಂಡ್ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ, ಹಿಗ್ಗುವುದೂ ಜಾಸ್ತಿ.

ಬೆಲ್ಟಿನ ಅಳತೆಗೆ, ಅದು ಹೋಗುವ ದಾರಿಯ ಸುತ್ತ ಹೊಲಿಗೆ ದಾರ ಸುತ್ತಿ ಸ್ಕೇಲಿನಲ್ಲಿ ಅಳೆದೆ. ಅದಕ್ಕಿಂತ ನೂರಕ್ಕೆ ಐದರಷ್ಟು ಚಿಕ್ಕದು ಇರಬೇಕು. ತೀರಾ ಬಿಗಿಯಾದರೆ ಮೋಟಾರ್ ತಿಣುಕುತ್ತದೆ, ಸಡಿಲಾದರೆ ಜಾರುತ್ತದೆ. ಬೇರೆ ಬೇರೆ ಅಳತೆಯ ಬೆಲ್ಟುಗಳ ಪ್ಯಾಕೆಟ್ ಆನ್‌ಲೈನ್‌ನಲ್ಲಿ ತರಿಸಿದೆ. ಒಂದು ಸರಿಯಾಗಿ ಕೂತಿತು.

ಸರಿಯಾಗಿ ಅಂದೆನಾ? ಮೊದಲ ಸಲ ಪುಲ್ಲಿಯ ತಪ್ಪು ಬದಿಯಿಂದ ಸುತ್ತಿದ್ದೆ. ಚಕ್ರ ಉಲ್ಟಾ ತಿರುಗಿ ಟೇಪನ್ನು ಶಾವಿಗೆಯ ಹಾಗೆ ಹೊರಗೆ ಕಕ್ಕಿತು. ಪುಣ್ಯಕ್ಕೆ ಹಾಕಿದ್ದು ಬೇಡದ ಕ್ಯಾಸೆಟ್. ಪೆನ್ಸಿಲ್ ತೂರಿಸಿ ಸುತ್ತಿಕೊಂಡೆ. ಒಳಗೆ ಹಳೇ ಬೆಲ್ಟಿನ ಗುರುತು ಕಾಣುತ್ತಿದ್ದರೆ ಒರೆಸುವ ಮೊದಲೇ ಫೋಟೋ ತೆಗೆಯಿರಿ. ನಾನು ತೆಗೆಯಲಿಲ್ಲ.

ಟೇಪಿನಿಂದ ದನಿ ಓದುವ ಹೆಡ್ ಮೇಲಿನ ಕಂದು ಪುಡಿಯನ್ನೂ ಐಪಿಎಯಿಂದಲೇ ಒರೆಸಿದೆ. ಟೇಪನ್ನು ಒತ್ತಿ ಹಿಡಿಯುವ ರಬ್ಬರ್ ರೋಲರ್‌ಗೆ ಮಾತ್ರ ಸೋಪು ನೀರು. ಫ್ಲೈವೀಲಿನ ಕಡ್ಡಿಯ ಬುಡಕ್ಕೆ ಹೊಲಿಗೆ ಯಂತ್ರದ ಎಣ್ಣೆ, ಸೂಜಿ ತುದಿಯಲ್ಲಿ ನಿಲ್ಲುವಷ್ಟೇ.

ಇನ್ನು ವೇಗ. ಕ್ಯಾಸೆಟ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಅದನ್ನು ಅಳೆಯುವ ಸಾಮಾನು ನನ್ನ ಹತ್ತಿರ ಇಲ್ಲ. ಒಂದು ಸಿನಿಮಾ ಹಾಡು ಕ್ಯಾಸೆಟ್ಟಿನಲ್ಲೂ ಇತ್ತು, ಫೋನಿನಲ್ಲೂ ಸಿಕ್ಕಿತು. ಎರಡನ್ನೂ ಒಟ್ಟಿಗೆ ಹಚ್ಚಿದೆ. ಐದು ನಿಮಿಷದ ಹಾಡನ್ನು ವಾಕ್‌ಮನ್ ಹದಿನೇಳು ಸೆಕೆಂಡ್ ಮೊದಲೇ ಮುಗಿಸಿಬಿಟ್ಟಿತು. ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಒಂದರ ಹಾಡು ಕರಿ ಒಂದಕ್ಕೆ ಏರಿದ ಹಾಗೆ. ಮೋಟಾರಿನ ಹಿಂದೆ ಸಣ್ಣ ತೂತು, ಅದರೊಳಗೆ ತಿರುಗಿಸುವ ಸ್ಕ್ರೂ. ಇದ್ದ ಜಾಗಕ್ಕೆ ನೀಲಿ ಪೆನ್ನಿನ ಗುರುತು ಹಾಕಿ, ಕೂದಲೆಳೆಯಷ್ಟು ತಿರುಗಿಸುತ್ತಾ ಹೋದೆ. ಏಳೆಂಟು ಸಲಕ್ಕೆ ಎರಡೂ ಒಟ್ಟಿಗೆ ಮುಗಿದವು.

ಆಗ ಕಾಕಾನ ಕ್ಯಾಸೆಟ್ ಹಾಕಿ, ಇಯರ್‌ಫೋನ್ ಅವ್ವನ ಕಿವಿಗೆ ಕೊಟ್ಟೆ. ಸ್ವಲ್ಪ ಹೊತ್ತು ಕೇಳಿ, "ನಿಮ್ಮ ಕಾಕಾ ಹಿಂಗ ಅವಸರ ಮಾಡಿ ಹಾಡ್ತಿದ್ದಿಲ್ಲೋ" ಅಂದಳು.

ಫೋನಿಗೆ ಹೊಂದಿಸಿದ್ದೇನಲ್ಲ ಅಂದೆ. ಅವ್ವ ಒಪ್ಪಲಿಲ್ಲ. ಆಮೇಲೆ ನೆನಪಾಯಿತು. ಅವತ್ತು ಊರಲ್ಲಿ ಕರೆಂಟ್ ಇರಲಿಲ್ಲ, ಟೇಪ್‌ರೆಕಾರ್ಡರ್‌ಗೆ ಸೆಲ್ ಹಾಕಿ ರೆಕಾರ್ಡ್ ಮಾಡಿದ್ದೆವು. ಸೆಲ್ ಇಳಿದಿದ್ದರೆ ರೆಕಾರ್ಡ್ ಮಾಡುವಾಗಲೇ ಟೇಪ್ ನಿಧಾನ ಓಡುತ್ತದೆ. ಅದನ್ನು ಸರಿಯಾದ ವೇಗದಲ್ಲಿ ಹಚ್ಚಿದರೆ ದನಿ ಓಡುತ್ತದೆ.

ಮತ್ತೆ ಬಿಚ್ಚಿದೆ. ಈ ಸಲ ಅವ್ವನ ತಲೆ ನೋಡಿಕೊಂಡು ಸ್ಕ್ರೂ ತಿರುಗಿಸಿದೆ. "ಹಾಂ, ಈಗ ಖರೇ" ಅಂದ ಕಡೆ ಕೆಂಪು ಪೆನ್ನಿನ ಗುರುತು ಬಿತ್ತು. ಮೊದಲ ಪದಗಳೆಲ್ಲ ಸರಿ ಇವೆ. ಕೊನೆಯ ಪದ ಬರುವ ಹೊತ್ತಿಗೆ ಸೆಲ್ ಇನ್ನಷ್ಟು ಇಳಿದಿದ್ದವೇನೋ, ಅದೊಂದರಲ್ಲಿ ಕಾಕಾ ಈಗಲೂ ಸ್ವಲ್ಪ ಓಡುತ್ತಾರೆ.